ಅರಗಿನ ಕೋಟೆಯ ಬಿಚ್ಚದ ರಥ

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಬಣ್ಣವಿದ್ದ ಕಾಲದಲ್ಲಿ, ಗುಬುಟೂರು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಇಟ್ಟಿಗೆಯನ್ನು ಯಾರೂ ಸುಡುತ್ತಿರಲಿಲ್ಲ. ಇಟ್ಟಿಗೆಗಳು ಹೊಳೆಯಲ್ಲಿ ತೇಲಿ ಬರುತ್ತಿದ್ದವು. ಮಣ್ಣಿನವಲ್ಲ, ಪ್ಲಾಸ್ಟಿಕ್ಕಿನವು. ಕೆಂಪು, ಹಳದಿ, ನೀಲಿ, ಬಿಳಿ. ಪ್ರತಿ ಇಟ್ಟಿಗೆಯ ನೆತ್ತಿಯ ಮೇಲೆ ಸಾಲಾಗಿ ಗುಂಡನೆ ಉಬ್ಬಿದ ಗುಬುಟುಗಳು. ಅಡಿಯಲ್ಲಿ ಅವಕ್ಕೆ ಸರಿಯಾದ ಕುಳಿಗಳು. ಒಂದರ ಮೇಲೊಂದನ್ನಿಟ್ಟು ಒತ್ತಿದರೆ ಟಿಕ್ ಎಂದು ಕೂರುತ್ತಿದ್ದವು. ಗಾರೆ ಬೇಡ, ಮೊಳೆ ಬೇಡ.

ಆ ಇಟ್ಟಿಗೆಗಳಿಂದ ಗುಬುಟೂರಿನವರು ವಾಹನಗಳನ್ನು ಕಟ್ಟುತ್ತಿದ್ದರು. ವಾಹನದ ಹೊಟ್ಟೆಯಲ್ಲಿ ಒಂದು ಮೋಟಾರು. ಮೋಟಾರೆಂದರೆ ಡಬ್ಬಿಯೊಳಗೆ ಸುತ್ತುವ ಗಾಳಿಮರಿ. ಕಟ್ಟಿದವರ ಕೈಯಲ್ಲಿ ಒಂದು ರಿಮೋಟು. ಅದಕ್ಕೆ ಎರಡು ಗುಂಡಿಗಳು. ಒಂದು ಮುಂದಕ್ಕೂ ಹಿಂದಕ್ಕೂ, ಇನ್ನೊಂದು ಎಡಕ್ಕೂ ಬಲಕ್ಕೂ. ಗುಂಡಿ ಒತ್ತಿದರೆ ಗಾಳಿಮರಿ ಎಚ್ಚರಗೊಳ್ಳುತ್ತಿತ್ತು, ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿ ತಿರುಗುತ್ತಿದ್ದವು, ಹೊಲದಾಚೆ ನಿಂತ ವಾಹನ ಹೆಸರು ಹಿಡಿದು ಕರೆದ ಕರುವಿನಂತೆ ಓಡಿ ಬರುತ್ತಿತ್ತು.

ಈ ವಿದ್ಯೆಯನ್ನು ಕಲಿಸುವ ಜಾಗಕ್ಕೆ ಜೋಡಣೆಮನೆ ಎಂದು ಹೆಸರು. ಅಲ್ಲಿಯ ಗುರು ಸಿಂಗಣಾಚಾರ್ಯರು. ಅಲ್ಲಿಯ ನಿಯಮ ಒಂದೇ. ಬೆಳಗ್ಗೆ ಕಟ್ಟಿದ್ದನ್ನು ಸಂಜೆ ಬಿಚ್ಚಬೇಕು. ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ ಬೇರ್ಪಡಿಸಿ ಬುಟ್ಟಿಗಳಿಗೆ ತುಂಬಬೇಕು. ಆಮೇಲೆ ಊಟ. ವಾಹನ ಎಷ್ಟೇ ಚೆನ್ನಾಗಿರಲಿ, ಅತ್ತರೂ ಸರಿ, ಬಿಚ್ಚಲೇಬೇಕು.

ಜೋಡಣೆಮನೆಯಲ್ಲಿ ಬಾಚಲೆ ಎಂಬ ಯುವತಿಯೂ ಅವಳ ತಮ್ಮ ಬೂತುಗನೂ ಕೆಲಸ ಮಾಡುತ್ತಿದ್ದರು. ಬಾಚಲೆಯ ಕೈ ನಿಧಾನ, ಲೆಕ್ಕ ಖಚಿತ. ಬೂತುಗನ ಕೈ ಬೆಂಕಿ. ಅವನು ಕಟ್ಟಿದ್ದನ್ನು ನೋಡಲು ಹಕ್ಕಿಗಳೂ ಕಿಟಕಿಗೆ ಬಂದು ಕೂರುತ್ತಿದ್ದವು.

ಒಂದು ದಿನ ಬೂತುಗ ಒಂದು ರಥವನ್ನು ಕಟ್ಟಿದ. ಅದರ ಚಕ್ರದೊಳಗೆ ಚಕ್ರ, ಅದರೊಳಗೆ ಮತ್ತೊಂದು ಚಕ್ರ. ಪಕ್ಕಗಳಲ್ಲಿ ಮಡಚಿ ಬಿಚ್ಚುವ ರೆಕ್ಕೆಗಳು. ಮಧ್ಯಾಹ್ನ ಉಳಿದವರೆಲ್ಲ ಇಟ್ಟಿಗೆ ಹಿಡಿಯಲು ಹೊಳೆಗೆ ಹೋಗಿದ್ದರು. ಬೂತುಗನೊಬ್ಬನೇ ರಥದ ಮುಂದೆ ಕುಳಿತು, "ನಿನ್ನನ್ನೂ ಬಿಚ್ಚಬೇಕೇ?" ಎಂದು ಕೇಳುತ್ತಿದ್ದ.

"ಬೇಕಿಲ್ಲ, ಸ್ವಾಮಿ" ಎಂದಿತು ಬಾಗಿಲಲ್ಲಿ ಒಂದು ದನಿ. ಬಂದವನ ಮುಖ ಎಣ್ಣೆ ಹಚ್ಚಿದ ಬಳೆಯಂತೆ ಹೊಳೆಯುತ್ತಿತ್ತು. ಕಣ್ಣುಗಳು ಕೆಂಪು ಅರಗು. ಕೈಯಲ್ಲಿ ಕರಗಿದ ಅರಗಿನ ಒಂದು ಕುಡಿಕೆ. "ಒಂದು ಹನಿ ಹಚ್ಚಿ. ಯಾವ ಗುರುವೂ ಬಿಚ್ಚಲಾರ. ಯುಗಯುಗಕ್ಕೂ ಹೀಗೇ ಇರುತ್ತದೆ."

ಬೂತುಗ ಹನಿ ಹಚ್ಚಿದ. ರಥದ ಪೀಠದ ಮೇಲೆ ಕುಳಿತ. ಅರಗು ರಥದಿಂದ ಅವನ ಮೈಗೆ ಹರಿಯಿತು. ಕಾಲು ಇಟ್ಟಿಗೆಯಾಯಿತು, ತೊಡೆ ಇಟ್ಟಿಗೆಯಾಯಿತು. ರಥ ರೆಕ್ಕೆ ಬಿಚ್ಚಿ, ಅವನನ್ನು ಹೊತ್ತು, ಬೆಟ್ಟದ ಮೇಲಿನ ಅರಗಿನ ಕೋಟೆಗೆ ಹಾರಿಹೋಯಿತು.

ಹೊಳೆಯಿಂದ ಮರಳುತ್ತಿದ್ದ ಬಾಚಲೆ ಅದನ್ನು ಕಣ್ಣಾರೆ ಕಂಡಳು. ಬುಟ್ಟಿ ಕೈಜಾರಿತು.

ಸಿಂಗಣಾಚಾರ್ಯರು ನೆಲದ ಮೇಲಿನ ಕೆಂಪು ಹನಿಯನ್ನು ನೋಡಿ ಹೇಳಿದರು: "ಅವನು ಅರಗುಗಣ್ಣ. ಕಟ್ಟುವವರನ್ನು ಹಿಡಿದು ಕೋಟೆಯ ಗೋಡೆಗೆ ಸೇರಿಸುವ ಮಾಂತ್ರಿಕ. ಅರಗು ಎದೆಗೆ ಏರಿದರೆ ನಿನ್ನ ತಮ್ಮ ಗೋಡೆಯಾಗುತ್ತಾನೆ."

"ಈಗಲೇ ಹೊರಡುತ್ತೇನೆ, ಗುರುಗಳೇ."

"ಹೇಗೆ? ಕೋಟೆಯ ದಾರಿಯಲ್ಲಿ ಜೀವವಿರುವ ಕಾಲು ಇಟ್ಟರೆ ಅಲ್ಲೇ ಅಂಟುತ್ತದೆ. ದಾರಿಯಲ್ಲಿ ಎರಡು ಗಂಟೆಗಳಿವೆ. ಗಂಟೆ ಬಾರಿಸಿದರೆ ಅಲ್ಲಿಯವರೆಗಿನ ನೆಲ ಒಣಗುತ್ತದೆ. ಆದರೆ ಬಾರಿಸುವವರು ಯಾರು?"

ಬಾಚಲೆ ಮೋಟಾರನ್ನೂ ರಿಮೋಟನ್ನೂ ಎತ್ತಿಕೊಂಡಳು. ಆಚಾರ್ಯರು ಅವಳ ಮುಖವನ್ನು ನೋಡಿದರು, ತಮ್ಮ ಊರುಗೋಲನ್ನು ಹುಡುಕಿದರು. "ಇಟ್ಟಿಗೆ ಚೀಲ ನೀನು ಹೊರು. ಬೈಯುವ ಕೆಲಸ ನನಗಿರಲಿ."

ಮೊದಲು ಸಿಕ್ಕಿದ್ದು ಮರಳಿನ ಬಯಲು. ಬಯಲಿನ ಆ ತುದಿಯಲ್ಲಿ ಮೊದಲ ಗಂಟೆ. ನಡುವೆ ಅರಗಿನ ಕರಡಿ ಮಲಗಿತ್ತು. ಅದರ ಉಸಿರಿಗೆ ಮರಳು ದಿಬ್ಬದಂತೆ ಏರಿ ಇಳಿಯುತ್ತಿತ್ತು. ಬಾಚಲೆ ಅವಸರದಲ್ಲಿ ಸಣ್ಣ ಚಕ್ರದ ಓಟದ ಬಂಡಿಯನ್ನು ಕಟ್ಟಿ ಬಿಟ್ಟಳು. ಬಂಡಿ ಬಾಣದಂತೆ ಹೊರಟಿತು. ಕರಡಿ ಒಂದು ಕಣ್ಣು ತೆರೆಯಿತು. ಬಂಡಿ ಮರಳಿನಲ್ಲಿ ಹೂತಿತು. ಕರಡಿ ಎದ್ದು ಕುಳಿತಿತು. ಬಾಚಲೆ ಗುಂಡಿಯನ್ನು ಹಿಂದಕ್ಕೆ ಅದುಮಿದಳು. ಬಂಡಿ ಹೇಗೋ ಹಿಂದಕ್ಕೆ ತೆವಳಿ ಬಂದು ಅವಳ ಕಾಲಿಗೆ ತಾಗಿತು.

"ಕರಡಿಯೊಡನೆ ಪಂದ್ಯವಿತ್ತೇ?" ಎಂದರು ಆಚಾರ್ಯರು.

"ತಪ್ಪಾಯಿತು."

"ತಪ್ಪು ಎಲ್ಲಿ? ಅದನ್ನು ಹೇಳು."

"ದೊಡ್ಡ ಹಲ್ಲುಚಕ್ರದಿಂದ ಸಣ್ಣದನ್ನು ತಿರುಗಿಸಿದೆ. ವೇಗ ಬಂತು, ಬಲ ಹೋಯಿತು."

"ಹಾಗಾದರೆ ಬಿಚ್ಚು."

ಬಾಚಲೆ ಬಿಚ್ಚಿದಳು. ಈ ಸಲ ಸಣ್ಣ ಹಲ್ಲುಚಕ್ರ ದೊಡ್ಡದನ್ನು ತಿರುಗಿಸುವಂತೆ ಕಟ್ಟಿದಳು. ಚಕ್ರಗಳಿಗೆ ಕೊಂಡಿ ಕೊಂಡಿ ಸೇರಿಸಿದ ಅಗಲದ ಪಟ್ಟಿಯನ್ನು ತೊಡಿಸಿದಳು. ವಾಹನ ಆಮೆಯಂತೆ ಹೊರಟಿತು. ಕರಡಿಯ ಮೂಗಿನ ಮುಂದೆಯೇ ಹಾದಿತು. ಮೂಗು ಅರಳಿತು, ಮುದುಡಿತು. ನಿಧಾನವಾಗಿ ಚಲಿಸುವುದನ್ನು ಕರಡಿ ಮರಳೆಂದೇ ತಿಳಿಯುತ್ತಿತ್ತು. ವಾಹನ ಗಂಟೆಗೆ ಹಣೆ ತಾಗಿಸಿತು. ಢಣ್! ಬಯಲು ಒಣಗಿತು, ಕರಡಿ ಕಲ್ಲಾಯಿತು. ಇಬ್ಬರೂ ಅದರ ಪಕ್ಕದಲ್ಲೇ ನಡೆದು ಹೋದರು.

ಎರಡನೆಯದು ಕಪ್ಪು ಮಡು. ಆಚೆ ದಡದಲ್ಲಿ ಎರಡನೆಯ ಗಂಟೆ. ನೀರಿನಲ್ಲಿ ಅರಗಿನ ಮೊಸಳೆ. ಅದು ಮೇಲೆದ್ದಾಗ ಮಡುವಿನ ಅರ್ಧ ನೀರು ಅದರ ಬೆನ್ನಿನ ಮೇಲಿತ್ತು. ಬಾಚಲೆ ಪಟ್ಟಿಚಕ್ರವನ್ನು ಬಿಚ್ಚಿ ದೋಣಿ ಕಟ್ಟಿದಳು. ಹಿಂಭಾಗದಲ್ಲಿ ನೀರು ಬಡಿಯುವ ಹುಟ್ಟುಚಕ್ರ, ಅದರ ಪಕ್ಕದಲ್ಲಿ ಮೋಟಾರು. ಮುಂಭಾಗ ಉದ್ದ, ಬರಿದು. ಎರಡು ಭಾಗಗಳ ನಡುವೆ ಒಂದೇ ಸಾಲು ಗುಬುಟು.

"ಅಲ್ಲಿ ಸಡಿಲವಾಯಿತು" ಎಂದರು ಆಚಾರ್ಯರು.

"ಬೇಕೆಂದೇ ಬಿಟ್ಟೆ."

ಆಚಾರ್ಯರು ಹುಬ್ಬೇರಿಸಿದರು. ದೋಣಿ ನಡುಮಡುವಿಗೆ ಬಂದಾಗ ಮೊಸಳೆ ಹಾರಿ ಮುಂಭಾಗವನ್ನು ಕಚ್ಚಿತು. ಗಟ್ಟಿಯಾಗಿದ್ದರೆ ದೋಣಿ ಇಡಿಯಾಗಿ ಮುಳುಗುತ್ತಿತ್ತು. ಟಿಕ್! ಮುಂಭಾಗ ಕಳಚಿ ಮೊಸಳೆಯ ಬಾಯಲ್ಲಿ ಉಳಿಯಿತು. ಹಿಂಭಾಗ ಈಜುತ್ತಾ ಹೋಗಿ ಗಂಟೆ ಬಾರಿಸಿತು. ಮಡುವಿನ ನೀರು ಗಟ್ಟಿಯಾಯಿತು. ಅದರ ಮೇಲೆ ನಡೆಯುವಾಗ, ಪಾದದ ಕೆಳಗೆ ಬಾಯಿ ತೆರೆದೇ ನಿಂತ ಮೊಸಳೆಯನ್ನು ಬಾಚಲೆ ನೋಡಿದಳು. ಅದರ ಹಲ್ಲಿನ ನಡುವೆ ಅರ್ಧ ಚೀಲದ ಇಟ್ಟಿಗೆ ಸಿಕ್ಕಿಕೊಂಡಿತ್ತು.

ಮೂರನೆಯದು ಕಡಿದಾದ ಬಂಡೆ. ಅದರ ನೆತ್ತಿಯ ಮೇಲೆ ಅರಗಿನ ಕೋಟೆ. ಅಲ್ಲಿ ಗಾಳಿಯಿರಲಿಲ್ಲ, ಬಂಡೆಯ ಮೇಲಿನ ಮಾತು ಕೆಳಗೆ ಪಕ್ಕದಲ್ಲೇ ಆಡಿದಂತೆ ಕೇಳುತ್ತಿತ್ತು, ಅಂಗಳದ ಅಂಚಿಗೆ ಬಂದದ್ದು ಕೆಳಗಿನಿಂದ ನಿಚ್ಚಳವಾಗಿ ಕಾಣುತ್ತಿತ್ತು. ಉಳಿದ ಇಟ್ಟಿಗೆಯಲ್ಲಿ ಬಾಚಲೆ ಬೆಕ್ಕಿನ ಗಾತ್ರದ ವಾಹನವನ್ನು ಕಟ್ಟಿದಳು. ಚಕ್ರಗಳಿಗೆ ಮುಳ್ಳು, ಮುಂದೆ ಇಟ್ಟಿಗೆ ಕೀಳುವ ಒಂದು ಇಕ್ಕಳ. ಅದು ಜಾರುತ್ತಾ ಹಿಡಿಯುತ್ತಾ ಬಂಡೆಯನ್ನು ಏರಿ ಕೋಟೆಯ ಅಂಗಳವನ್ನು ಸೇರಿತು.

ಅರಗುಗಣ್ಣ ಅದನ್ನು ತುಳಿಯಲಿಲ್ಲ. ನಕ್ಕ. "ಬಾಚಲೆ, ಕೀಳುವ ಮೊದಲು ಒಮ್ಮೆ ನೋಡಮ್ಮ." ಕೋಟೆಯ ಬಾಗಿಲನ್ನು ತೆರೆದ.

ಬೂತುಗನ ರಥ ಹೊರಬಂತು. ಅದು ಈಗ ಗೋಪುರದಷ್ಟು ಎತ್ತರ ಬೆಳೆದಿತ್ತು. ಚಕ್ರದೊಳಗಿನ ಚಕ್ರಗಳು ಒಂದೊಂದು ದಿಕ್ಕಿಗೆ ತಿರುಗುತ್ತಿದ್ದವು. ಆದರೂ ಒಂದೂ ಇನ್ನೊಂದನ್ನು ತಡೆಯುತ್ತಿರಲಿಲ್ಲ. ರೆಕ್ಕೆಗಳು ಬಿಚ್ಚಿದಾಗ ಬಂಡೆಯ ಕೆಳಗಿನ ನೆಲವೆಲ್ಲ ಕೆಂಪು, ಹಳದಿ, ನೀಲಿ ಬೆಳಕಾಯಿತು. ಆ ಬೆಳಕು ತಾಗಿದ ಕಡೆ ಕಲ್ಲುಗಳು ಹೂಬಿಟ್ಟವು. ಬಾಚಲೆಯ ಹೆಬ್ಬೆರಳು ತಾನಾಗಿಯೇ ಗುಂಡಿಯಿಂದ ಮೇಲೆದ್ದಿತು. ಇದನ್ನು ಮುರಿಯುವ ಕೈ ಯಾರದ್ದು? ತನ್ನದಲ್ಲ, ಎಂದುಕೊಂಡಳು. ಪಕ್ಕಕ್ಕೆ ತಿರುಗಿದಳು. ಸಿಂಗಣಾಚಾರ್ಯರು ತಲೆಯ ಮೇಲಿನ ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದಿದ್ದರು.

"ಇದು ನಾನು ಕಲಿಸಿದ್ದಲ್ಲ" ಎಂದರು. ಅವರ ದನಿ ನಡುಗಿದ್ದನ್ನು ಬಾಚಲೆ ಹಿಂದೆಂದೂ ಕೇಳಿರಲಿಲ್ಲ.

ರಥದ ಪೀಠದಲ್ಲಿ ಬೂತುಗನಿದ್ದ. ಸೊಂಟದ ತನಕ ಹಳದಿ ಇಟ್ಟಿಗೆ, ಮೇಲಕ್ಕೆ ಅರಗಿನ ಕೆಂಪು ಗೆರೆ ಏರುತ್ತಿತ್ತು. ಬಾಚಲೆ ಗುಂಡಿ ಒತ್ತಿದಳು. ಇಕ್ಕಳ ರಥದ ಒಂದು ಇಟ್ಟಿಗೆಯನ್ನು ಹಿಡಿದು ಎಳೆಯಿತು. ಇಟ್ಟಿಗೆ ಬರಲಿಲ್ಲ. ಇಕ್ಕಳವೇ ಮುರಿಯಿತು.

"ಎಳೆಯಬೇಡ, ಅಕ್ಕಾ!" ಎಂದು ಬೂತುಗ ಕೂಗಿದ. "ನೋಡಿದೆಯಲ್ಲ? ಇಂಥದ್ದು ಇನ್ನೊಂದು ಹುಟ್ಟುವುದಿಲ್ಲ. ನಾನು ಇಲ್ಲೇ ಇರುತ್ತೇನೆ. ನೀನು ಮನೆಗೆ ಹೋಗು."

"ಕೇಳಿತೇ?" ಎಂದ ಅರಗುಗಣ್ಣ. "ನಾನು ಯಾರನ್ನೂ ಹಿಡಿದಿಟ್ಟಿಲ್ಲ. ಅವರೇ ಹಿಡಿದುಕೊಂಡಿದ್ದಾರೆ."

ಕೆಂಪು ಗೆರೆ ಪಕ್ಕೆಲುಬನ್ನು ಮುಟ್ಟಿತು. ಬಾಚಲೆಗೆ ಅಳು ಬಂತು. ಬೇಡಿಕೊಂಡರೆ ತಮ್ಮ ಕೇಳುವವನಲ್ಲ. ಬೈದರೆ ಮೊದಲೇ ಕೇಳುವವನಲ್ಲ. ಅವಳು ಕಣ್ಣೊರೆಸಿಕೊಂಡು ರಥವನ್ನು ಮತ್ತೆ ನೋಡಿದಳು, ಈ ಸಲ ಕಟ್ಟುವವಳ ಕಣ್ಣಿನಿಂದ. ಮೇಲಿನಿಂದ ಕೆಳಕ್ಕೆ, ಕೊನೆಗೆ ಚಕ್ರಗಳನ್ನು ನೋಡಿದಳು.

"ಬೂತುಗ, ಒಂದು ಮಾತು. ಇದು ತಿರುವಿನಲ್ಲಿ ಹೇಗೆ ಹೋಗುತ್ತದೆ?"

ಬೂತುಗ ಒಮ್ಮೆ ಚಕ್ರಗಳ ಕಡೆಗೆ ಕಣ್ಣು ಹಾಯಿಸಿದ. ಆಮೇಲೆ, "ಚೆನ್ನಾಗಿಯೇ ಹೋಗುತ್ತದೆ" ಎಂದ.

"ಸುಳ್ಳು ಹೇಳಬೇಡ. ನನ್ನ ತಮ್ಮ ನೀನು."

"ಸ್ವಲ್ಪ ಎಳೆಯುತ್ತದೆ."

"ಎಷ್ಟು ಸ್ವಲ್ಪ?"

"ತಿರುವಿನ ಒಳಬದಿಯ ಚಕ್ರವೂ ಹೊರಬದಿಯ ಚಕ್ರವೂ ಒಂದೇ ಅಚ್ಚಿನ ಮೇಲಿವೆ, ಅಕ್ಕ. ಹೊರಚಕ್ರ ಹೆಚ್ಚು ದಾರಿ ನಡೆಯಬೇಕು, ಒಳಚಕ್ರ ಕಡಿಮೆ. ಎರಡೂ ಒಂದೇ ಸಮ ಸುತ್ತಿದರೆ ಒಂದು ಉಜ್ಜಿ ಸವೆಯುತ್ತದೆ." ಅವನ ಕಣ್ಣು ಅರಳಿತು. "ಇಲ್ಲಿ ಕುಳಿತು ಅದನ್ನೇ ಯೋಚಿಸುತ್ತಿದ್ದೇನೆ. ಅಚ್ಚನ್ನು ನಡುವೆ ಎರಡಾಗಿಸಬೇಕು. ನಡುವೆ ಮೂರು ಸಣ್ಣ ಹಲ್ಲುಚಕ್ರಗಳನ್ನು ಅಡ್ಡ ಕೂರಿಸಿದರೆ, ಒಂದು ನಿಧಾನಿಸಿದಾಗ ಇನ್ನೊಂದು ತಾನಾಗಿಯೇ ವೇಗ ಹಿಡಿಯುತ್ತದೆ. ಅಯ್ಯೋ, ಎಷ್ಟು ಸುಲಭ!"

"ಹಾಗಾದರೆ ಸರಿಪಡಿಸು."

"ಹೇಗೆ ಸರಿಪಡಿಸಲಿ? ಬಿಚ್ಚಬೇಕಲ್ಲ!"

ಅರಗುಗಣ್ಣನ ನಗು ನಿಂತಿತು. ಕೆಂಪು ಗೆರೆಯೂ ನಿಂತಿತು.

ಬೂತುಗ ತಾನೇನು ಹೇಳಿದೆನೆಂದು ತಾನೇ ಕೇಳಿಸಿಕೊಂಡ. ರಥವನ್ನು ಒಮ್ಮೆ ಸವರಿದ. ಬಾಗಿ, ಅಚ್ಚಿನ ಪಕ್ಕದ ಒಂದು ಕೆಂಪು ಇಟ್ಟಿಗೆಯನ್ನು ತನ್ನ ಕೈಯಿಂದಲೇ ಕಿತ್ತ.

ಟಿಕ್.

ಅರಗು ಗಾಜಿನಂತೆ ಸಿಡಿದು ಉದುರಿತು. ಬೂತುಗನ ಸೊಂಟ ಮಾಂಸವಾಯಿತು, ತೊಡೆ ಮಾಂಸವಾಯಿತು, ಪಾದ ಮಾಂಸವಾಯಿತು. ಆ ಟಿಕ್ ಶಬ್ದ ಕೋಟೆಯ ಗೋಡೆಗಳೊಳಗೆ ಹೊಕ್ಕಿತು. ಗೋಡೆಗಳಲ್ಲಿ ತಲೆತಲಾಂತರದ ಕಟ್ಟುವವರಿದ್ದರು. ಪ್ರತಿಯೊಬ್ಬರಿಗೂ ತಮ್ಮ ವಾಹನದ ಒಂದು ತಪ್ಪು ಗೊತ್ತಿತ್ತು. ಅದನ್ನು ಯಾರೂ ಕೇಳಿರಲಿಲ್ಲ. "ನನ್ನದು ಮುಂದಕ್ಕೆ ಮುಗ್ಗರಿಸುತ್ತದೆ" ಎಂದಿತು ಒಂದು ಗೋಡೆ. "ನನ್ನದರ ಪಟ್ಟಿ ಸಡಿಲ" ಎಂದಿತು ಬುರುಜು. ಟಿಕ್, ಟಿಕ್, ಟಿಕ್. ಗೋಡೆಗಳಿಂದ ಗಂಡಸರು, ಹೆಂಗಸರು, ಬಿಳಿಗಡ್ಡದವರು ಮೈ ಕೊಡವಿಕೊಂಡು ಹೊರಬಂದರು.

"ನನ್ನ ಕೋಟೆಯಲ್ಲಿ ತಪ್ಪಿಲ್ಲ!" ಎಂದು ಅರಗುಗಣ್ಣ ಚೀರಿದ. ಅವನ ಮುಖದ ಹೊಳಪು ಬಿರಿಯಿತು. ಅರಗಿನ ಪದರಗಳು ಒಂದೊಂದಾಗಿ ಕಳಚಿದವು. ಕೊನೆಯ ಪದರ ಬಿದ್ದಾಗ ಒಳಗೆ ಯಾರೂ ಇರಲಿಲ್ಲ.

ಈಗ ಬಂಡೆಯನ್ನು ಇಳಿಯಬೇಕಿತ್ತು. ಇಳಿಯಲು ದಾರಿಯಿರಲಿಲ್ಲ. ಬೂತುಗ ಕೆಳಕ್ಕೆ ಬಗ್ಗಿ ಕೂಗಿದ: "ಅಕ್ಕಾ! ಇಲ್ಲಿ ಇಡೀ ಕೋಟೆಯಷ್ಟು ಇಟ್ಟಿಗೆಯಿದೆ. ಮೋಟಾರುಗಳಿವೆ. ರಿಮೋಟುಗಳನ್ನು ಮಾತ್ರ ಅವನು ಎಂದೋ ಕರಗಿಸಿದ್ದಾನೆ. ನಿನ್ನ ಮೋಟಾರನ್ನು ನಡುವೆ ಕೂರಿಸಿ, ಉಳಿದವನ್ನು ಅದಕ್ಕೆ ಜೋಡಿಸುತ್ತೇವೆ. ಓಡಿಸುತ್ತೀಯಾ?"

"ಓಡಿಸುತ್ತಾಳೆ" ಎಂದರು ಆಚಾರ್ಯರು.

ಕಟ್ಟುವವರೆಲ್ಲ ಸೇರಿ ಕಟ್ಟಿದರು. ಒಬ್ಬರು ಚಕ್ರ, ಒಬ್ಬರು ಪಟ್ಟಿ, ಒಬ್ಬರು ಮುಳ್ಳು. ಬೂತುಗ ಅಚ್ಚು. ಕೋಟೆಯಿದ್ದ ಜಾಗದಲ್ಲಿ ಬೆಟ್ಟದಷ್ಟು ದೊಡ್ಡ ವಾಹನ ನಿಂತಿತು. ಅದರ ಮೇಲೆ ಒಂದು ಊರಿನಷ್ಟು ಜನ. ಬಾಚಲೆ ಅಂಗೈಯಲ್ಲಿ ಹಿಡಿಯುವ ರಿಮೋಟನ್ನು ನೋಡಿದಳು, ಆ ಬೆಟ್ಟವನ್ನು ನೋಡಿದಳು. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟಳು.

ಬೆಟ್ಟ ಕದಲಿತು. ಬಂಡೆಯ ಅಂಚನ್ನು ದಾಟಿ ಮುಳ್ಳುಚಕ್ರಗಳಿಂದ ಕಲ್ಲನ್ನು ಹಿಡಿದು ಇಳಿಯತೊಡಗಿತು. ಅರ್ಧ ಇಳಿದಾಗ ಬಂಡೆಯಲ್ಲಿ ಕಡಿದಾದ ತಿರುವು ಬಂತು. ಬಾಚಲೆ ಉಸಿರು ಹಿಡಿದು ಎರಡನೆಯ ಗುಂಡಿಯನ್ನು ಎಡಕ್ಕೆ ಒತ್ತಿದಳು. ಒಳಚಕ್ರ ನಿಧಾನಿಸಿತು, ಹೊರಚಕ್ರ ವೇಗ ಹಿಡಿಯಿತು. ಅಷ್ಟು ದೊಡ್ಡ ವಾಹನ, ಹೊಳೆಯ ನೀರು ಬಾಗುವಂತೆ ಬಾಗಿ, ಸದ್ದಿಲ್ಲದೆ ತಿರುಗಿತು. ಮೇಲೆ ಕುಳಿತ ಮುದುಕಿಯೊಬ್ಬಳು ಅಳುತ್ತಾ ಚಪ್ಪಾಳೆ ತಟ್ಟಿದಳು.

ವಾಹನ ಬಾಚಲೆಯ ಪಾದದ ಬಳಿ ಬಂದು ನಿಂತಿತು. ಬೂತುಗ ಮೊದಲು ಇಳಿದ.

"ತಿರುವಿನಲ್ಲಿ ಸ್ವಲ್ಪ ಅಲ್ಲಾಡಿಸಿದೆ, ಅಕ್ಕ."

"ಬಾಯಿ ಮುಚ್ಚು" ಎಂದು ಬಾಚಲೆ ಅವನನ್ನು ಬಿಗಿಯಾಗಿ ಅಪ್ಪಿಕೊಂಡಳು. ಅವನ ಎದೆ ಬೆಚ್ಚಗಿತ್ತು, ಹೊಡೆದುಕೊಳ್ಳುತ್ತಿತ್ತು.

ಅವರೆಲ್ಲ ಗುಬುಟೂರಿಗೆ ಮರಳಿದರು. ಹಳೆಯ ಕಟ್ಟುವವರಿಗೆ ಊರಿನವರು ಮನೆ ಕೊಟ್ಟರು, ಅನ್ನ ಕೊಟ್ಟರು, ಜೋಡಣೆಮನೆಯಲ್ಲಿ ಪೀಠ ಕೊಟ್ಟರು. ಯಾರ ಕಾಲೂ ಮತ್ತೆ ನೆಲಕ್ಕೆ ಅಂಟಲಿಲ್ಲ. ಅಲ್ಲಿಯವರು ಸುಖವಾಗಿ ಬಾಳಿದರು. ಈ ಕತೆ ಕೇಳಿದವರ ಮನೆಯಲ್ಲೂ ಸುಖವಿರಲಿ.