ಆರನ್ನು ತಿರುಗಿಸಿದರೆ ಒಂಬತ್ತು

೧೯೮೬ರ ಏಪ್ರಿಲ್ ಹದಿಮೂರು, ಭಾನುವಾರ. ಡ್ರಮ್‌ಲಾರ ಮೈದಾನದ ಅಂಕಫಲಕದ ಪೆಟ್ಟಿಗೆಯಲ್ಲಿ ಇಪ್ಪತ್ತು ತಗಡುಗಳಿರಬೇಕಾಗಿತ್ತು. ಸೊನ್ನೆಯಿಂದ ಒಂಬತ್ತರವರೆಗೆ, ಅಂಕಿಗೆ ಎರಡರಂತೆ. ಮಜೆಲ್ಲಾ ಕೀವನಿ ಮೂರು ಸಲ ಎಣಿಸಿದಳು. ಮೂರು ಸಲವೂ ಹದಿನೆಂಟೇ ಬಂತು.

ಎರಡು ಒಂಬತ್ತುಗಳೂ ಇರಲಿಲ್ಲ.

ಮೈದಾನ ಕಾಯುವವನು ಅವನ್ನು ಒಯ್ದು ತನ್ನ ಕೋಳಿಗೂಡಿನ ತೂತಿಗೆ ಬಡಿದಿದ್ದನೆಂಬುದು ಆಮೇಲೆ ತಿಳಿದ ಸಂಗತಿ. ಆಗ ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಕೈಯಲ್ಲೂ ಕಾಲಲ್ಲೂ ಚೆಂಡಾಡುವ ತಮ್ಮ ನಾಡಿನ ಫುಟ್‌ಬಾಲ್ ಲೀಗ್‌ನ ಮೊದಲ ಪಂದ್ಯಕ್ಕೆ ಹತ್ತು ನಿಮಿಷ ಉಳಿದಿದೆ, ತಂಡವನ್ನು ತಯಾರು ಮಾಡಿದವನು ಅವಳ ಅಪ್ಪ ಜೋ ಕೀವನಿ, ತಪ್ಪನ್ನು ಸಹಿಸುವ ಸ್ವಭಾವ ಆತನದಲ್ಲ.

"ಏನು ಕಳ್ಕೊಂಡೆ?"

ಅವಳು ತಿರುಗಿದಳು. ಮೊಣಕಾಲಿನ ಕೆಳಗೆ ಇಳಿದ ಬಿಳಿ ಕೋಟು, ಕಂಕುಳಲ್ಲಿ ಒಂದು ಬಿಳಿ ಬಾವುಟ. ಏಳು ಮೈಲಿ ಆಚೆಯ ಕಿಲ್‌ಫೆರ್ನದ ಫೆಲಿಮ್ ಮಲ್ವಿ. ರೆಫರಿಯಾಗಿದ್ದ ಚಿಕ್ಕಪ್ಪನ ಜೊತೆಗೆ ಗೋಲುಕಂಬದ ಅಂಪೈರ್ ಆಗಿ ಬಂದಿದ್ದ.

"ಒಂಬತ್ತು," ಎಂದಳು.

"ಆರು ಇದೆಯಲ್ಲ. ತಲೆಕೆಳಗು ಮಾಡು."

ಅವಳ ಕೆನ್ನೆ ಕಿವಿಯವರೆಗೆ ಕೆಂಪಾಯಿತು. 'ಮೂರು ಸಲ ಎಣಿಸಿದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ…' ಸೋಲನ್ನು ಒಪ್ಪಿಕೊಳ್ಳುವ ಹುಡುಗಿ ಅವಳಾಗಿರಲಿಲ್ಲ.

"ಆರು ಇರೋದು ಎರಡೇ. ಮೂರನೇದು ಬೇಕಾದ್ರೆ?"

"ಹೊಸದಾಗಿ ಒಂಬತ್ತರ ಜೋಡಿ ನಾನೇ ಮಾಡಿಕೊಡ್ತೀನಿ. ನನ್ನ ಹೆಸರಿಗೆ ಬಾಕಿ ಬರ್ಕೋ."

ಅಂದು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾರಿದ ಮೊದಲ ಪಾಯಿಂಟಿಗೆ ಬಿಳಿ ಬಾವುಟ ಎತ್ತಿದ ಫೆಲಿಮ್, ಚೆಂಡು ಎಲ್ಲಿ ಬಿತ್ತೆಂದು ನೋಡಲಿಲ್ಲ. ಫಲಕದ ಮೇಲೆ ಒಂದು ಎಂಬ ತಗಡು ಏರಿತೇ ಎಂದು ನೋಡಿದ.

ಆ ಬೇಸಿಗೆಯಲ್ಲಿ ಅವನು ಡ್ರಮ್‌ಲಾರಕ್ಕೆ ಅಂಪೈರ್ ಆಗಿ ಬಂದದ್ದು ಐದು ಸಲ. ಅಂಪೈರ್ ಆಗದೆ ಬಂದದ್ದು ಹದಿನಾಲ್ಕು ಸಲ. ಇಬ್ಬರೂ ಕಾಲುವೆಯ ಸೇತುವೆಯ ಮೇಲೆ ಕುಳಿತು ನಿಯಮಗಳ ಬಗ್ಗೆ ಜಗಳವಾಡುತ್ತಿದ್ದರು. ಕೈಯಿಂದ ಚೆಂಡು ದಾಟಿಸುವುದು ಹೆಚ್ಚಾಯಿತೆಂದು ಅವಳು, ಒದೆಯಲು ಬಾರದವರು ಹೆಚ್ಚಾದರೆಂದು ಅವನು. ಮಾತು ಚುಚ್ಚಿತೆಂದು ಅನ್ನಿಸಿದಾಗ ಮಜೆಲ್ಲಾ ಎರಡು ಮುಂಗೈಗಳನ್ನೂ ಅಡ್ಡಡ್ಡ ಹಿಡಿಯುತ್ತಿದ್ದಳು. ಕೊಟ್ಟ ಪಾಯಿಂಟನ್ನು ರೆಫರಿ ಹಿಂದಕ್ಕೆ ಪಡೆದರೆ ಅಂಪೈರ್ ಪಾಯಿಂಟಿನ ಬಿಳಿ, ಗೋಲಿನ ಹಸಿರು ಬಾವುಟಗಳೆರಡನ್ನೂ ಹಾಗೆ ಅಡ್ಡ ಹಿಡಿಯಬೇಕು. ರದ್ದು ಎಂದರ್ಥ.

"ರದ್ದಾಯ್ತು," ಎಂದು ಅವನು ನಗುತ್ತಿದ್ದ.

ಆಗಸ್ಟ್‌ನಲ್ಲಿ, ಯಾರಿಗೂ ಹೇಳದ ಒಂದು ಮಾತನ್ನು ಅವನಿಗೆ ಹೇಳಿದಳು. ಅಪ್ಪನಿಗೆ ವೈದ್ಯರು ಕೊಟ್ಟ ಅವಧಿ ಮುಂದಿನ ಬೇಸಿಗೆಯವರೆಗೆ ಮಾತ್ರ. ಅಪ್ಪನ ಆಸೆ ಒಂದೇ, ಲೀಗ್ ಫೈನಲ್.

ಸೆಪ್ಟೆಂಬರ್‌ನಲ್ಲಿ ಅವನು ತನ್ನನ್ನು ಮದುವೆಯಾಗುವೆಯಾ ಎಂದು ಕೇಳಿದ. ಅವಳು ನೀರಿನತ್ತ ನೋಡುತ್ತ, ಫೈನಲ್ ಮುಗಿಯಲಿ, ಅಂದು ಸಂಜೆ ಇಲ್ಲಿಯೇ ಉತ್ತರ ಕೊಡುತ್ತೇನೆ ಎಂದಳು.

"ಹಾಗಾದ್ರೆ ನನ್ನದು ಎರಡು ಒಂಬತ್ತು ಬಾಕಿ, ನಿನ್ನದು ಒಂದು ಉತ್ತರ ಬಾಕಿ," ಎಂದ ಫೆಲಿಮ್.

ಅಕ್ಟೋಬರ್ ಹನ್ನೆರಡು. ನಾಣ್ಯ ಚಿಮ್ಮಿದಾಗ ಫೈನಲ್ ಡ್ರಮ್‌ಲಾರ ಮೈದಾನದ ಪಾಲಾಗಿತ್ತು. ಎದುರಾಳಿ ನದಿಯಾಚೆಯ ತಂಡ. ಪಶ್ಚಿಮದ ಗಾಳಿ ಎಷ್ಟು ಜೋರಾಗಿತ್ತೆಂದರೆ ರೆಫರಿಯ ಸೀಟಿ ಅರ್ಧ ಮೈದಾನಕ್ಕೆ ಕೇಳಿದರೆ ಹೆಚ್ಚು.

ನಾಲ್ಕು ನಿಮಿಷ ಉಳಿದಾಗ ಎದುರಾಳಿಗೆ ಒಂದು ಗೋಲು, ಆರು ಪಾಯಿಂಟ್. ಗೋಲಿಗೆ ಮೂರರಂತೆ ಒಟ್ಟು ಒಂಬತ್ತು. ಡ್ರಮ್‌ಲಾರಕ್ಕೆ ಗೋಲಿಲ್ಲ, ಎಂಟು ಪಾಯಿಂಟ್. ಆಗ ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿತು. ಫೆಲಿಮ್‌ನ ಬಿಳಿ ಬಾವುಟ ಎದ್ದಿತು. ಊರವರೆಲ್ಲ ಕೇಕೆ ಹಾಕುತ್ತ ಫಲಕದತ್ತ ತಿರುಗಿದರು.

ಮಜೆಲ್ಲಾ ಪೆಟ್ಟಿಗೆಯತ್ತ ತಿರುಗಿದಳು. ಒಂದು ಆರು ಎದುರಾಳಿಯ ಸಾಲಿನಲ್ಲಿ ತೂಗುತ್ತಿತ್ತು. ಉಳಿದ ಇನ್ನೊಂದನ್ನು ಎತ್ತಿಕೊಂಡು ತಲೆಕೆಳಗು ಮಾಡಿದಳು. 'ಆರು ಇದೆಯಲ್ಲ…' ಏಪ್ರಿಲ್‌ನ ಆ ದನಿ ನೆನಪಾಗಿ ತಗಡನ್ನು ಹಿಡಿದುಕೊಂಡೇ ಒಂದು ಗಳಿಗೆ ನಿಂತಳು. ಸಂಜೆ ಹೇಳಬೇಕಾದ ಉತ್ತರವನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡಳು. ಮೊಳೆಗೆ ನೇತುಹಾಕಿ ತಿರುಗಿದಾಗ ಗೋಲಿನ ಮುಂದಿನಿಂದ ಚೆಂಡನ್ನು ಒದ್ದು ಆಟ ಮುಂದುವರಿದಿತ್ತು.

ಸಮಸಮ ಎಂದು ಜೋ ಕೀವನಿ ಗೆರೆಯ ಬದಿಯಿಂದ ಕೂಗಿದ; ಚೆಂಡು ಬಿಡಬೇಡಿ, ಇಟ್ಟುಕೊಳ್ಳಿ, ಮರುಪಂದ್ಯದಲ್ಲಿ ನೋಡಿಕೊಳ್ಳೋಣ. ದಣಿದ ಹುಡುಗರು ನಾಲ್ಕು ನಿಮಿಷವೂ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಒಂದು ಸಲವೂ ಗೋಲಿನತ್ತ ಒದೆಯದೆ ಕಳೆದರು.

ಕೊನೆಯ ಸೀಟಿಗೆ ಎದುರಾಳಿಗಳು ಕುಣಿದಾಡಿದರು. ರೆಫರಿಯ ಪುಸ್ತಕದಲ್ಲಿ ಡ್ರಮ್‌ಲಾರದ ಲೆಕ್ಕ ಎಂಟೇ. ಚೆಂಡು ಬರುವ ಮೊದಲೇ ಮುಂಚೂಣಿ ಆಟಗಾರನೊಬ್ಬ ಗೋಲಿನ ಚೌಕದೊಳಗೆ ನಿಂತಿದ್ದನೆಂದು ಪಾಯಿಂಟ್ ರದ್ದಾಗಿತ್ತು.

"ಆ ಒಂಬತ್ತನ್ನ ಹಾಕಿದ್ದು ಯಾರು?" ಜೋ ಕೀವನಿ ಫಲಕದತ್ತ ನಡೆದು ಬರುತ್ತಿದ್ದ. ಹಿಂದೆ ಊರಿಗೆ ಊರೇ.

ಮಜೆಲ್ಲಾ ಒಂದು ಹೆಜ್ಜೆ ಮುಂದಿಟ್ಟಳು. ಬಾಯಿ ತೆರೆಯುವ ಮೊದಲೇ ಬಿಳಿ ಕೋಟೊಂದು ನಡುವೆ ಬಂದು ನಿಂತಿತು.

"ತಪ್ಪು ನನ್ನದು, ಮಿಸ್ಟರ್ ಕೀವನಿ. ಬಾವುಟ ಎತ್ತಿದೆ. ರದ್ದಾದಾಗ ಅಡ್ಡ ಹಿಡಿಯೋಕೆ ಮರೆತೆ."

ಸಂಜೆ ಅವಳು ಸೇತುವೆಗೆ ಬಂದಳು. ಒಂದೇ ಪ್ರಶ್ನೆ ಕೇಳಿದಳು.

"ನಿಜವಾಗ್ಲೂ ಮರೆತೆಯಾ?"

ಅವನು ನೀರನ್ನು ನೋಡಿದ. "ಮರೆತೆ."

"ಅಪ್ಪನಿಗೆ ಉಳಿದಿರೋದು ಇದೊಂದೇ ವರ್ಷ ಅಂತ ನಿನಗೆ ಗೊತ್ತಿತ್ತು."

ಅಷ್ಟು ಹೇಳಿ ಅವಳು ಹೊರಟಳು. ಉತ್ತರವನ್ನು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಜೋ ಕೀವನಿ ಮರುವರ್ಷ ಮೇ ತಿಂಗಳಲ್ಲಿ ತೀರಿಕೊಂಡ. ಕೊನೆಯ ಏಳು ತಿಂಗಳು ಮಗಳ ಕೈಯಿಂದಲೇ ಗಂಜಿ ಕುಡಿದ. ಪ್ರತಿ ಸಂಜೆಯೂ ಮಲ್ವಿಯ ಹುಡುಗನನ್ನು ಶಪಿಸಿ, ಮಗಳ ಕೈ ಹಿಡಿದುಕೊಂಡು ನಿದ್ದೆ ಹೋಗುತ್ತಿದ್ದ. ಫೆಲಿಮ್‌ನನ್ನು ಯಾರೂ ಮತ್ತೆ ಅಂಪೈರ್ ಆಗಿ ಕರೆಯಲಿಲ್ಲ. ಮಜೆಲ್ಲಾ ಮದುವೆಯಾಗಲಿಲ್ಲ. ಅವನೂ ಆಗಲಿಲ್ಲವೆಂದು ಕೇಳಿದ್ದಳು. ಏಳು ಮೈಲಿ ಎಂದರೆ ಹದಿನೈದು ನಿಮಿಷದ ದಾರಿ. ಇಬ್ಬರಲ್ಲಿ ಯಾರೂ ಆ ದಾರಿ ಹಿಡಿಯಲಿಲ್ಲ.

೨೦೨೫ರ ಮಾರ್ಚ್ ಎರಡು, ಅದೂ ಭಾನುವಾರ. ಡ್ರಮ್‌ಲಾರ ಕ್ಲಬ್ಬಿನ ಕೋಣೆಯಲ್ಲಿ ಕೌಂಟಿ ತಂಡದ ಲೀಗ್ ಪಂದ್ಯವನ್ನು ರೇಡಿಯೋದಲ್ಲಿ ಕೇಳಿ ಮುಗಿಸಿದ ಹನ್ನೊಂದು ಮಂದಿಗೆ, ಈಗ ಕಾರ್ಯದರ್ಶಿಯಾಗಿದ್ದ ಮಜೆಲ್ಲಾ ಚಹಾ ಬಗ್ಗಿಸುತ್ತಿದ್ದಳು. ಎರಡು ಪಾಯಿಂಟಿನಿಂದ ಗೆದ್ದಿದ್ದರು. ಇನ್ನೆರಡು ಪಂದ್ಯ ಗೆದ್ದರೆ ಮೇಲಿನ ವಿಭಾಗ ಎಂದು ನಿವೃತ್ತ ಅಂಚೆಯವನಾದ ಜಾರ್ಲತ್ ಲೆಕ್ಕ ಹಾಕಿದ. ಹೋದ ವರ್ಷವೂ ಇದೇ ಲೆಕ್ಕ ಹಾಕಿ ನಮ್ಮ ಚಹಾ ಕುಡಿದೆಯಲ್ಲ ಎಂದು ಯಾರೋ ಕೆಣಕಿದರು.

ಹೋದ ವರ್ಷ ಕಮಾನುಗೆರೆ ಇರಲಿಲ್ಲ ಎಂದು ಅವನ ವಾದ. ಈ ವರ್ಷದ ಹೊಸ ನಿಯಮ ಅದು: ಗೋಲಿನಿಂದ ನಲವತ್ತು ಮೀಟರಿಗೆ ಒಂದು ಕಮಾನು; ಅದರ ಆಚೆಯಿಂದ ಒದ್ದು ಗಳಿಸಿದರೆ ಒಂದಕ್ಕೆ ಎರಡು, ಬಿಳಿಯ ಬದಲು ಕಿತ್ತಳೆ ಬಾವುಟ.

"ಇದೇನು ಅಂಗಡಿ ರಿಯಾಯ್ತಿನಾ, ಒಂದು ಒದ್ದರೆ ಇನ್ನೊಂದು ಉಚಿತ?" ಎಂದ ಪ್ಯಾಕಿ ಗಿಲ್ರೇನ್. ಎಪ್ಪತ್ತೆಂಟರ ಮುದುಕ, ಕಿಲ್‌ಫೆರ್ನದವನಾದರೂ ಈಗ ಡ್ರಮ್‌ಲಾರದ ಮಗಳ ಮನೆಯಲ್ಲಿ ವಾಸ. ಎಂಬತ್ತಾರರ ಫೈನಲ್‌ನಲ್ಲಿ ಫೆಲಿಮ್‌ನ ಜೊತೆ ಇನ್ನೊಂದು ಕಂಬದ ಬಳಿ ನಿಂತಿದ್ದವನು ಅವನೇ.

ಸಮಯ ಮುಗಿದಾಗ ಮೊಳಗುವ ಭೋಂಪಿನ ಬಗ್ಗೆ ಮಾತು ಬಂತು. ಗಡಿಯಾರ ಇನ್ನು ರೆಫರಿಯ ಜೇಬಿನಲ್ಲಿಲ್ಲ, ಅದೊಂದು ಸಮಾಧಾನ ಎಂದರು. ಮಾತು ರೆಫರಿಗಳಿಂದ ಅಂಪೈರ್‌ಗಳಿಗೆ ಇಳಿಯಿತು.

"ನಿಯಮ ಎಷ್ಟು ಬದಲಾಯಿಸಿದ್ರೂ ಅಂಪೈರ್ ಕಣ್ಣು ಬದಲಾಯಿಸೋಕೆ ಆಗತ್ತಾ ಪ್ಯಾಕಿ?" ಎಂದ ಜಾರ್ಲತ್. "ಎಂಬತ್ತಾರರಲ್ಲಿ ಒಬ್ಬ ಮಹಾನುಭಾವ ಎರಡು ಕೋಲು ಅಡ್ಡ ಹಿಡಿಯೋಕೆ ಮರೆತ. ಪಾಪ, ಜೋ ಕೀವನಿ ಆ ಕೊರಗಲ್ಲೇ ಹೋದ."

ಪ್ಯಾಕಿ ಬಟ್ಟಲನ್ನು ಕೆಳಗಿಟ್ಟ.

"ಮರೆತಿದ್ರೆ ನನ್ನ ಹಸಿರು ಬಾವುಟ ಎಲ್ಲಿ ಹೋಗಿತ್ತೋ?"

"ಅಂದ್ರೆ?"

"ಅವನ ಹತ್ರ ಇದ್ದದ್ದು ಬಿಳೀದು. ಹಸಿರು ನನ್ನದು. ಓಡಿಬಂದು ನನ್ನ ಕೈಯಿಂದ ಕಿತ್ಕೊಂಡ. ಒಂದು ನಿಮಿಷ ನನ್ನ ಕೈ ಖಾಲಿ ಇತ್ತು. ಒಬ್ಬ ಮನುಷ್ಯನಿಗೆ ಎರಡು ಬಾವುಟ ಯಾತಕ್ಕೆ ಬೇಕು? ನೀನೇ ಹೇಳು."

ಹೇಳಿದ ಮೇಲೆ ಅವನಿಗೆ ಅರಿವಾಯಿತು. ಮಜೆಲ್ಲಾಳತ್ತ ನೋಡಿದ.

"ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ ಮಗಳೇ," ಎಂದ ಮೆಲ್ಲಗೆ.

ಚಹಾ ಬಟ್ಟಲು ತುಂಬಿ, ಸಾಸರ್ ತುಂಬಿ, ಮೇಜಿನ ಮೇಲೆ ಹರಿಯಿತು. ಅವಳ ಕಣ್ಣ ಮುಂದೆ ಇದ್ದದ್ದು ಬೇರೆ. ಮೈದಾನಕ್ಕೆ ಬೆನ್ನು ಮಾಡಿ ನಿಂತ ಇಪ್ಪತ್ತೆರಡರ ಹುಡುಗಿ, ಕೈಯಲ್ಲಿ ತಲೆಕೆಳಗಾದ ಆರು, ತುಟಿಯಲ್ಲಿ ನಗು… ಆ ಒಂದು ನಿಮಿಷ ಅವಳ ಹಿಂದೆ ಗಾಳಿಯಲ್ಲಿ ಎರಡು ಬಾವುಟಗಳು ಅಡ್ಡಡ್ಡ ನಿಂತಿದ್ದವು.

'ನೋಡದೆ ಹೋದವಳು ನಾನು. ಮರೆತೆ ಅಂದವನು ಅವನು.'

ಕೆಟಲನ್ನು ಜಾರ್ಲತ್‌ನ ಕೈಗೆ ಕೊಟ್ಟು ಕೋಟು ಹಾಕಿಕೊಂಡಳು.

ಕಿಲ್‌ಫೆರ್ನ ಮೈದಾನದಲ್ಲಿ ಒಬ್ಬನೇ ಒಬ್ಬ ಮನುಷ್ಯ ಗೋಲಿನ ಗೆರೆಯ ನಡುಮಧ್ಯದಲ್ಲಿ ಗೂಟ ಬಡಿದು, ಹಗ್ಗ ಕಟ್ಟುತ್ತಿದ್ದ. ಪಕ್ಕದಲ್ಲಿ ಸುಣ್ಣದ ಗಾಡಿ. ಹೊಸ ಕಮಾನನ್ನು ಎಳೆಯುವ ಕೆಲಸ ಅವನದಾಗಿತ್ತು. ಕೂದಲು ಪೂರ್ತಿ ನೆರೆತಿತ್ತು. ಎಡಮಂಡಿ ಬಗ್ಗುತ್ತಿರಲಿಲ್ಲ. ಅವಳನ್ನು ಕಂಡು ಎದ್ದು ನಿಲ್ಲಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಪ್ಯಾಕಿ ಬಾಯಿಬಿಟ್ಟ," ಎಂದ.

"ಯಾಕೆ ಹಾಗಂದೆ ಫೆಲಿಮ್?"

"ನಿನ್ನಪ್ಪ ನಿನ್ನ ಕಡೆ ನಡ್ಕೊಂಡು ಬರ್ತಾ ಇದ್ದ. ಯೋಚನೆ ಮಾಡೋಕೆ ಹೊತ್ತಿರಲಿಲ್ಲ." ಹಗ್ಗದ ಗಂಟನ್ನು ಬಿಗಿಮಾಡಿದ. "ಅವನ ಕೊನೇ ವರ್ಷ ಮಗಳ ಮೇಲೆ ಮುನಿಸಲ್ಲಿ ಕಳೀಬಾರದು ಅನ್ನಿಸ್ತು. ಮುನಿಯೋಕೆ ಒಬ್ಬ ಬೇಕಿತ್ತು. ನಾನಿದ್ದೆ."

"ಸೇತುವೆ ಮೇಲೆ ನನಗಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ನೀನು ಹೋಗಿ ಅವನಿಗೆ ಹೇಳ್ತಿದ್ದೆ. ನಿನಗೆ ಸುಳ್ಳು ಬರಲ್ಲ."

ಅದು ನಿಜವಾಗಿತ್ತು. ಗಂಜಿಯ ಬಟ್ಟಲು, ಪ್ರತಿ ಸಂಜೆ ತನ್ನ ಕೈಯನ್ನು ಹುಡುಕುತ್ತಿದ್ದ ಅಪ್ಪನ ಕೈ… ಆ ಏಳು ತಿಂಗಳನ್ನು ತನಗೆ ಕೊಟ್ಟವನು ಇವನು. ಅವಳು ಅತ್ತಳು, ಅಳು ಮುಗಿಯುವವರೆಗೆ ಅವನು ಕಾದ.

"ಅಪ್ಪ ಹೋದ ಮೇಲೆ?"

"ಆಮೇಲೆ ಹೇಳಿದ್ರೆ ಸಾಲ ವಸೂಲಿಗೆ ಬಂದ ಹಾಗಿರ್ತಿತ್ತು."

ಅವನು ಕುಂಟುತ್ತ ಸಾಮಾನು ಕೋಣೆಗೆ ಹೋಗಿ, ಗೋಣಿಯಲ್ಲಿ ಸುತ್ತಿದ ಎರಡು ತಗಡುಗಳನ್ನು ತಂದು ಅವಳ ಕೈಯಲ್ಲಿಟ್ಟ. ಎರಡು ಒಂಬತ್ತು. ಫೈನಲ್ ದಿನ ಕೊಡಬೇಕೆಂದು ಬಣ್ಣ ಹಚ್ಚಿದ್ದವು. ಅಂಚಿನಲ್ಲಿ ತುಕ್ಕು ಹತ್ತಿತ್ತು. ಅಂಕಿಗೆ ಏನೂ ಆಗಿರಲಿಲ್ಲ.

"ನನ್ನ ಬಾಕಿ ಮುಗೀತು," ಎಂದ.

"ನಮ್ಮದೀಗ ಕರೆಂಟಿನ ಫಲಕ. ಇದನ್ನ ನೇತುಹಾಕೋಕೆ ಮೊಳೆ ಇಲ್ಲ."

"ಮೊಳೇನೂ ಸೇರಿಸಿ ಒಪ್ಪಂದ ಆಗಿರಲಿಲ್ಲ."

ಅವಳಿಗೆ ನಗು ಬಂತು. ಎಷ್ಟೋ ವರ್ಷಗಳ ಮೇಲೆ ಆ ಸೇತುವೆಯ ನಗು. ತಗಡುಗಳನ್ನು ಕಂಬಕ್ಕೆ ಒರಗಿಸಿ ಸುಣ್ಣದ ಗಾಡಿಯ ಹಿಡಿ ಹಿಡಿದಳು.

"ಗೂಟದ ಹತ್ರ ನೀನಿರು. ನಿನ್ನ ಮಂಡಿಗೆ ಕಮಾನು ನಡೆಯೋಕಾಗಲ್ಲ."

ಅವನು ಗೂಟದ ಬಳಿ ಹಗ್ಗ ಹಿಡಿದು ನಿಂತ. ನಲವತ್ತು ಮೀಟರ್ ಆಚೆ, ಹಗ್ಗದ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದುಕೊಂಡು ಅವಳು ಗಾಡಿ ತಳ್ಳಿದಳು. ಹುಲ್ಲಿನ ಮೇಲೆ ಬಿಳಿಯ ಗೆರೆ ಬಾಗುತ್ತ ಬಂತು. ಕಮಾನಿನ ನೆತ್ತಿಯಲ್ಲಿ, ಗೋಲಿಗೆ ನೇರ ಎದುರಾಗಿ, ಅವಳು ನಿಂತಳು.

"ಫೆಲಿಮ್, ನನ್ನದೊಂದು ಉತ್ತರ ಬಾಕಿ ಇದೆ."

ಅವನು ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದದ್ದು ಅವಳ ಕೈಗೆ ತಿಳಿಯಿತು.

"ಅದಕ್ಕೆ ಅವಧಿ ಮೀರಿದೆ ಮಜೆಲ್ಲಾ. ಭೋಂಪು ಮೊಳಗಿ ಎಷ್ಟೋ ವರ್ಷ ಆಯ್ತು."

"ಆ ದಿನ ಭೋಂಪಿನ ನಿಯಮ ಇರಲಿಲ್ಲ." ಅವಳು ಒಂದು ಹೆಜ್ಜೆ ಹಿಂದಿಟ್ಟು ಗೆರೆಯ ಆಚೆ ನಿಂತಳು. "ತಗಡು ತಿರುಗಿಸೋವಾಗ ಹೌದು ಅಂತ್ಲೇ ಅಂದ್ಕೊಂಡಿದ್ದೆ. ಅದಕ್ಕೇ ಬೆನ್ನ ಹಿಂದೆ ಏನಾಯ್ತು ಅಂತ ನೋಡಲಿಲ್ಲ. ಈಗಲೂ ಹೌದು. ಗೆರೆ ಆಚೆಯಿಂದ ಹೇಳ್ತಾ ಇದ್ದೀನಿ, ಎರಡು ಅಂತ ಲೆಕ್ಕ ಹಾಕ್ಕೋ."

ಮುಂದಿನ ಭಾನುವಾರದ ಪಂದ್ಯಕ್ಕೆಂದು ಬಾವುಟಗಳನ್ನು ಕಂಬಕ್ಕೆ ಒರಗಿಸಿಟ್ಟಿದ್ದರು. ಹಸಿರು, ಬಿಳಿ, ಕಿತ್ತಳೆ. ಹದಿನಾಲ್ಕು ಸಾವಿರದ ಇಪ್ಪತ್ತೊಂದು ದಿನಗಳಿಂದ ಬಾವುಟ ಮುಟ್ಟದ ಆ ಅಂಪೈರ್ ಬಗ್ಗಿ, ಕಿತ್ತಳೆ ಬಣ್ಣದ್ದನ್ನು ಆರಿಸಿ, ತಲೆಯ ಮೇಲಕ್ಕೆ ಎತ್ತಿ ಹಿಡಿದ. ಗಾಳಿಗೆ ಅದು ಪಟಪಟ ಬಡಿಯಿತು.

"ಕಾಣ್ತಾ ಇದೆಯಾ?" ಎಂದು ಕೇಳಿದ.

"ಕಾಣ್ತಾ ಇದೆ. ಈ ಸಲ ನಾನು ಬೆನ್ನು ತಿರುಗಿಸಿಲ್ಲ."