ಕತ್ತೆಯ ಬ, ಹಸುವಿನ ವ

"ದೋನ್ ಫಿದೆನ್ಸಿಯೊ! ಹೊರಗೆ ಬನ್ರೀ! ನನ್ನ ಬಾಳನ್ನ ಕತ್ತೆ ಬಾಳು ಮಾಡಿಬಿಟ್ರಲ್ಲ!"

ಒಬ್ದುಲಿಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಬೋರ್ಡು ಬರೆಯುವ ಫಿದೆನ್ಸಿಯೊ ಕುಂಚ ಒರೆಸುತ್ತ ಹೊರಬಂದ. ಅವಳ ಹಿಂದೆ ಮೆಕ್ಸಿಕೋದ ಪ್ವೆಬ್ಲಾ ಪೇಟೆಯ ಅರ್ಧ ಜನ ನೆರೆದಿತ್ತು. ಎಲ್ಲರಿಗಿಂತ ಮುಂದೆ ಕೋಳಿ ಮಾರುವ ತೋಮಾಸಾ, ನಗು ತಡೆಯಲಾರದೆ ಶಾಲನ್ನು ಬಾಯಿಗೆ ಒತ್ತಿಕೊಂಡಿದ್ದಳು.

ನಡೆದದ್ದಿಷ್ಟು. ಗಂಡ ತೀರಿದ ಮೇಲೆ ನಾಲ್ಕು ವರ್ಷ ಮನೆ ಹಿಡಿದು ಕೂತಿದ್ದ ಒಬ್ದುಲಿಯಾ ನಲವತ್ತಾರನೆಯ ವಯಸ್ಸಿಗೆ ಸೆಮಿತಾ ಅಂಗಡಿ ಇಟ್ಟಳು. ಎಳ್ಳು ಮೆತ್ತಿದ ಬನ್ನು ಸೀಳಿ ಮಾಂಸ, ಬೆಣ್ಣೆಹಣ್ಣು ತುಂಬಿ ಕೊಡುವ ಅಂಗಡಿ. ಹೆಸರು 'ಮಿ ವಿದಾ', ನನ್ನ ಬಾಳು. ನಮ್ಮ ಸ್ಪ್ಯಾನಿಷ್ ಮಾತಿನಲ್ಲಿ ಬ, ವ ಎರಡೂ ನಾಲಿಗೆಗೆ ಒಂದೇ. ಬರೆಯುವಾಗ ಮಾತ್ರ ಬೇರೆ. ಅದಕ್ಕೇ ಶಾಲೆಯಲ್ಲಿ, ಬುರ್ರೊ ಅಂದರೆ ಕತ್ತೆ, ವಾಕಾ ಅಂದರೆ ಹಸು, 'ಕತ್ತೆಯ ಬ, ಹಸುವಿನ ವ' ಅಂತ ಬಾಯಿಪಾಠ ಮಾಡಿಸುತ್ತಾರೆ. ಬಾಳಿಗೆ ಬೇಕಾದದ್ದು ಹಸುವಿನದು. ಬೋರ್ಡಿನ ಮೇಲೆ ಮೊಳದುದ್ದ ನಿಂತಿದ್ದದ್ದು ಕತ್ತೆಯದು.

"ದೊನ್ಯಾ, ಒಂದು ಕತ್ತೆ ಬಾಳು ಕಟ್ಟಿಕೊಡಿ, ಖಾರ ಜಾಸ್ತಿ!" ಅಂದಿದ್ದ ಮೊದಲ ಗಿರಾಕಿ.

ಫಿದೆನ್ಸಿಯೊ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ, ಹಿಂದಿದ್ದ ಜನರನ್ನು ನೋಡಿದ. ತೆರೆದ ಬಾಯಿ ಮುಚ್ಚಿತು.

"ತಪ್ಪು ನಂದೇ, ದೊನ್ಯಾ. ನಾಳೆ ತಿದ್ದಿಕೊಡ್ತೀನಿ."

ಮರುದಿನ ಅವನು ಏಣಿ ಹೊತ್ತು ಬಂದರೆ ಅಂಗಡಿಯ ಮುಂದೆ ಸಾಲು ನಿಂತಿತ್ತು. "ಕತ್ತೆ ಬಾಳು! ಕತ್ತೆ ಬಾಳು ಇಳಿಯೋರು ಇಳೀರಿ!" ಎಂದು ಬಸ್ಸಿನವನು ಕೂಗಿದ. ಒಬ್ದುಲಿಯಾ ಸಾಲನ್ನು ನೋಡಿದಳು, ಏಣಿಯನ್ನು ನೋಡಿದಳು.

"ಏಣಿ ಇಳಿಸ್ರೀ ದೋನ್ ಫಿದೆನ್ಸಿಯೊ. ಹಾಗೇ ಇರಲಿ. ಸರಿಯಾಗಿದ್ದಿದ್ರೆ ಯಾರು ನೆನಪಿಡ್ತಿದ್ರು?"

ಅಂದಿನಿಂದ ಪ್ರತಿ ತಿಂಗಳು ಮೊದಲ ಸೋಮವಾರ ಅವನು ಬಣ್ಣ ತೀಡಲು ಬರತೊಡಗಿದ. ತಿಂಗಳಿಗೆ ಮಾಸುವ ಬಣ್ಣವೇನೂ ಅದಲ್ಲ. ಇಬ್ಬರೂ ಆ ಮಾತು ಎತ್ತಲಿಲ್ಲ.

"ನನ್ನ ಬೋರ್ಡಿನ ಅಕ್ಷರ ಯಾಕೆ ಇಷ್ಟು ದಪ್ಪ?" ಎಂದು ಕೇಳುವಳು, ಈರುಳ್ಳಿ ಹೆಚ್ಚುತ್ತ.

"ಊಟದ ಅಕ್ಷರ ಅಲ್ವಾ, ಹೊಟ್ಟೆ ತುಂಬಿದ ಹಾಗಿರ್ಬೇಕು. ಶವಪೆಟ್ಟಿಗೆ ಅಂಗಡೀದು ಸಪೂರಕ್ಕೆ, ನೆಟ್ಟಗೆ, ತುಟಿ ಬಿಗಿದು ನಿಂತಿರುತ್ತೆ. ಅದನ್ನ ತಂದು ಇಲ್ಲಿ ಬರೆದ್ರೆ ನಿಮ್ಮ ಸೆಮಿತಾ ಯಾರು ಮುಟ್ತಾರೆ?"

"ಕೆಂಪಿನ ಬೆನ್ನಿಗೆ ಈ ನೀಲಿ ನೆರಳು?"

"ಒಂಟಿ ನಿಂತ್ರೆ ಬೀಳೋ ಹಾಗೆ ಕಾಣುತ್ತೆ. ಬೆನ್ನ ಹಿಂದೆ ಯಾರಾದ್ರೂ ಇರ್ಬೇಕು."

"ಅಕ್ಷರಕ್ಕಾ?"

"ಅಕ್ಷರಕ್ಕೇ," ಎಂದ. ಅವನ ಕಿವಿ ಬೋರ್ಡಿನಷ್ಟೇ ಕೆಂಪಾಗಿತ್ತು.

ಮೂರು ವರ್ಷದಲ್ಲಿ ಅವಳ ಅಂಗಡಿ ಬೆಳೆಯಿತು. ಅವನ ಹೆಸರು ಸವೆಯಿತು. ಊರೆಲ್ಲ ಅವನನ್ನು 'ಕತ್ತೆ ಬ' ಎಂದೇ ಕರೆಯತೊಡಗಿತು. "ನಮ್ಮದು ಔಷಧಿ ವ್ಯವಹಾರಪ್ಪ, ಒಂದಕ್ಷರ ತಪ್ಪಿದ್ರೆ ಹೆಣ ಬೀಳುತ್ತೆ" ಎಂದು ಔಷಧಿ ಅಂಗಡಿಯವನು ಬಾಗಿಲಲ್ಲೇ ಕಳಿಸಿದ. ಉಳಿದವರು ಅಷ್ಟನ್ನೂ ಹೇಳದೆ ಕೆಲಸ ಕೊಡುವುದು ಬಿಟ್ಟರು.

"ಪೇಟೆಯ ನಲವತ್ತೂ ಅಂಗಡಿಗೆ ಹೊಸ ಬೋರ್ಡು ಬರೆಸ್ತಾರಂತೆ," ಎಂದ ಫಿದೆನ್ಸಿಯೊ ಒಂದು ಸೋಮವಾರ, ತಟ್ಟೆ ನೋಡುತ್ತ. "ಗುರುವಾರ ಅಂಗಡಿಯವರ ಸಭೆ. ಕೆಲಸ ನನಗೆ ಸಿಕ್ಕಿದ್ರೆ ಸರಿ. ಇಲ್ಲದಿದ್ರೆ ಶುಕ್ರವಾರ ವೆರಾಕ್ರೂಸ್‌ಗೆ, ಅಕ್ಕನ ಮನೆಗೆ. ಅಲ್ಲಿ ದೋಣಿಗೆ ಹೆಸರು ಬರೀಬಹುದು."

ಒಬ್ದುಲಿಯಾಳ ಚಾಕು ಈರುಳ್ಳಿಯ ಮೇಲೇ ನಿಂತಿತು.

ಆ ವರ್ಷದ ಮಳೆಗಾಲದಿಂದ ಅವಳು ಚರ್ಚಿನ ಪಡಸಾಲೆಯಲ್ಲಿ ದೊಡ್ಡವರ ಅಕ್ಷರ ಪಾಠಕ್ಕೆ ಗುಟ್ಟಾಗಿ ಹೋಗುತ್ತಿದ್ದಳು. ಬುಧವಾರ ಟೀಚರಮ್ಮ, ನಿಮ್ಮ ಅಂಗಡಿಯ ಹೆಸರು ಬರೆಯಿರಿ ಎಂದರು. ಬರೆದಳು. ಟೀಚರಮ್ಮ ನಕ್ಕರು. "ಬೋರ್ಡಿನವನ ತಪ್ಪು ನಿಮ್ಮ ಕೈಗೂ ಅಂಟಿತಾ?"

ಅಂಟಿದ್ದಲ್ಲ. ಅವಳ ಕೈ ಮೊದಲಿನಿಂದಲೂ ಬರೆಯುತ್ತಿದ್ದದ್ದೇ ಹಾಗೆ. ಬೋರ್ಡು ಬರೆಸುವಾಗ ನಾಲ್ಕು ಮಡಿಕೆ ಮಾಡಿ ಫಿದೆನ್ಸಿಯೊಗೆ ಕೊಟ್ಟ ಚೀಟಿ ಈಗ ಕಣ್ಣ ಮುಂದೆ ಬಂತು. "ಹೀಗೇನಾ, ದೊನ್ಯಾ?" ಎಂದು ಅವನು ಮೆಲ್ಲಗೆ ಕೇಳಿದ್ದ. "ಇದ್ದ ಹಾಗೇ ಬರೀರಿ, ನಂಗೆ ಪಾಠ ಬೇಡ" ಎಂದು ತಾನೇ ಗದರಿದ್ದಳು.

ಗುರುವಾರದ ಸಭೆಯಲ್ಲಿ ಚಪ್ಪಲಿ ಅಂಗಡಿಯ ದೋನ್ ಎವಾರಿಸ್ತೊ ಗಂಟಲು ಸರಿಮಾಡಿಕೊಂಡ. "ಫಿದೆನ್ಸಿಯೊ ಕೈಯೇನೋ ಒಳ್ಳೇದೇ. ಆದ್ರೆ ಯೋಚನೆ ಮಾಡಿ, ನಲವತ್ತು ಬೋರ್ಡಿಗೆ ನಲವತ್ತು ಕತ್ತೆ!"

ಎಲ್ಲರೂ ನಕ್ಕರು. ಮೂಲೆಯಲ್ಲಿ ಫಿದೆನ್ಸಿಯೊ ಟೋಪಿಯ ಅಂಚು ಸವರುತ್ತಿದ್ದ.

ಒಬ್ದುಲಿಯಾ ಎದ್ದಳು. ಓದು ಬರಹ ಸರಿಯಾಗಿ ಬಾರದವಳು ಎಂಬುದನ್ನು ಸತ್ತ ಗಂಡನಿಗೂ ತಿಳಿಯಗೊಡದೆ ಬಾಳಿದ್ದವಳು ಅವಳು.

"ಕತ್ತೆ ನಾನು," ಎಂದಳು. "ಚೀಟಿ ಬರೆದುಕೊಟ್ಟದ್ದು ನಾನೇ. ನಂಗೆ ಅಕ್ಷರ ಸರಿಯಾಗಿ ಬರ್ತಿರಲಿಲ್ಲ. ಈ ಮನುಷ್ಯ ಮೂರು ವರ್ಷದಿಂದ ನನ್ನ ತಪ್ಪು ಹೊತ್ಕೊಂಡು ತಿರುಗ್ತಿದಾರೆ."

ಮೊದಲು ತೋಮಾಸಾಳ ಕೈ ಮೇಲೆದ್ದಿತು. "ನನ್ನ ಕೋಳಿ ಅಂಗಡಿಗೆ ಇವರೇ ಬರೀಲಿ. ಚೀಟಿ ಮಾತ್ರ ಒಬ್ದುಲಿಯಾ ಬರೀಬಾರದು!" ನಗುವಿನ ನಡುವೆ ಒಂದೊಂದಾಗಿ ಉಳಿದ ಕೈಗಳೂ ಎದ್ದವು.

ಹೊರಗೆ ಮೆಟ್ಟಿಲ ಮೇಲೆ ಇಬ್ಬರೇ ನಿಂತರು.

"ಅವತ್ತೇ ಯಾಕೆ ಹೇಳಲಿಲ್ಲ?"

"ಚೀಟಿ ಕೊಡುವಾಗ ನಿಮ್ಮ ಬೆರಳೆಲ್ಲ ಶಾಯಿ ಆಗಿತ್ತು. ಎಷ್ಟು ಸಲ ಬರೆದು ಹರಿದಿದ್ರೋ. ಅಷ್ಟು ಜನರ ಮುಂದೆ ಹೇಗೆ ಹೇಳಲಿ?"

"ಬರೀ ಅಷ್ಟೇನಾ?"

"ಅಷ್ಟೇ ಅಲ್ಲ." ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಬೈಯೋಕಾದ್ರೂ ನನ್ನ ಬಾಗಿಲಿಗೆ ಬಂದಿದ್ರಲ್ಲ."

ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ನನ್ನ ಅಂಗಡಿ ಗೋಡೆ ಮೇಲೆ ಇನ್ನೂ ಜಾಗ ಇದೆ. ನನ್ನ ಹೆಸರು ಬರೀರಿ. ಪಕ್ಕದಲ್ಲಿ ನಿಮ್ಮದೂ ಬರೀರಿ."

ಫಿದೆನ್ಸಿಯೊ ಕಸುಬಿನವನ ಗಾಂಭೀರ್ಯದಿಂದಲೇ ಕೇಳಿದ: "ಎರಡರ ಮಧ್ಯೆ ಎಷ್ಟು ಜಾಗ ಬಿಡಲಿ?"

"ಬಿಡಬೇಡಿ."

"ಅಂಟಿಕೊಂಡ್ರೆ ಓದೋಕೆ ಆಗಲ್ಲ, ಒಬ್ದುಲಿಯಾ."

ಮೂರು ವರ್ಷದಲ್ಲಿ ಮೊದಲ ಸಲ ಗೌರವದ 'ದೊನ್ಯಾ' ಬಿಟ್ಟುಹೋಗಿತ್ತು. ಅವಳು ತಲೆಯೆತ್ತಿ ಸಭೆಯ ಬಾಗಿಲ ಕಡೆ ಕಣ್ಣಲ್ಲೇ ತೋರಿಸಿದಳು. ತೋಮಾಸಾ, ಎವಾರಿಸ್ತೊ, ಇಡೀ ಪೇಟೆಯೇ ಕತ್ತು ಚಾಚಿಕೊಂಡು ನಿಂತಿತ್ತು.

"ಓದೋರೆಲ್ಲ ಆಗಲೇ ಓದಿ ಆಗಿದೆ," ಎಂದಳು.