ಕೋಟಿನ ಮೂರನೆಯ ಗುಂಡಿ

"ಈ ಸಲ ಎಷ್ಟನೇ ಗುಂಡಿ ಮೇಡಂ?"

ಟೈಲರ್ ಕೇಳಿದ್ದು ಇಷ್ಟೇ. ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡು, ಬಾಗಿಲಲ್ಲಿ ನಿಂತು, ತುಟಿಯ ಒಂದು ಕೊನೆಯಲ್ಲಿ ಮಾತ್ರ ನಗುತ್ತ ಕೇಳಿದ. ಅವಳಿನ್ನೂ ಪೆಟ್ಟಿಗೆಯಿಂದ ಕೋಟು ತೆಗೆದೇ ಇರಲಿಲ್ಲ. ಬಟ್ಟೆ ಕೊಡುವುದಿದೆ ಎಂದಷ್ಟೇ ಫೋನ್ ಮಾಡಿದ್ದಳು. ಗುಂಡಿಯ ಸುದ್ದಿಯನ್ನೇ ಎತ್ತಿರಲಿಲ್ಲ.

ಅವಳು ಪೆಟ್ಟಿಗೆ ಬಿಟ್ಟು ಅವನ ಕಡೆ ತಿರುಗಿದಳು.

"ಯಾಕೆ ಹಾಗೆ ಕೇಳ್ತೀರಿ?"

"ಸುಮ್ನೆ ಕೇಳ್ದೆ. ನಿಮ್ಮ ಕೋಟಿಗೂ ಗುಂಡಿಗೂ ಆಗಿಬರಲ್ವಲ್ಲ, ಅದಕ್ಕೆ."

ಕೋಟು ಈಸಿಕೊಂಡು, ಎಡತೋಳಿನ ತುದಿ ನೋಡಿ, "ಓ, ತೋಳಿಂದಾ" ಎಂದು ತನ್ನಷ್ಟಕ್ಕೆ ತಾನೇ ತಲೆಯಾಡಿಸಿ ಹೊರಟುಹೋದ. ಹೋಗುವಾಗ ಒಮ್ಮೆ ತಿರುಗಿ ನೋಡಿದ. ಆ ನೋಟಕ್ಕಾಗಿ ಅವಳು ಮೂರು ತಿಂಗಳು ಕಾದಿದ್ದಳು. ಇವತ್ತು ಅದೇ ನೋಟ ಮುಳ್ಳಿನಂತೆ ಚುಚ್ಚಿತು. ಇವನಿಗೆ ಗೊತ್ತಾಗಿದೆ, ಖಂಡಿತ ಗೊತ್ತಾಗಿದೆ ಅಂದುಕೊಂಡಳು.

ಗೊತ್ತಾಗಬಾರದ ಸಂಗತಿ ಒಂದಿತ್ತು. ಹತ್ತಾರು ದೇಶಗಳಲ್ಲಿ ಹೋಟೆಲು ನಡೆಸುವ ಕಂಪನಿಯೊಂದು ಅವಳನ್ನು ಗುಟ್ಟಾಗಿ ಪರೀಕ್ಷಕಿಯಾಗಿ ಇಟ್ಟುಕೊಂಡಿತ್ತು. ಸಾಧಾರಣ ಗಿರಾಕಿಯ ಹಾಗೆ ಬರಬೇಕು, ಇರಬೇಕು, ಹೋದಮೇಲೆ ವರದಿ ಬರೆಯಬೇಕು. ರೂಮಿನ ಫೋನಿನ ಮೇಲೊಂದು ಕೂದಲೆಳೆ ಇಟ್ಟು, ಮಾರನೆಯ ದಿನ ಅದಿದೆಯೇ ನೋಡುವುದು. ಮಂಚದಡಿ ಕಾಗದದ ಚೂರು ಎಸೆದು ಗುಡಿಸುತ್ತಾರೋ ಇಲ್ಲವೋ ನೋಡುವುದು. ಹನ್ನೊಂದು ವರ್ಷದಿಂದ ಕಾಲಿಗೆ ಚಕ್ರ ಕಟ್ಟಿಕೊಂಡು ಊರೂರು ತಿರುಗಿ ಅವಳು ಮಾಡಿದ್ದು ಮೊಸರಲ್ಲಿ ಕಲ್ಲು ಹುಡುಕುವ ಕೆಲಸ. ಸಿಬ್ಬಂದಿ ನಕ್ಕರೆ ನಗು ಅಸಲಿಯೋ ನಕಲಿಯೋ ಎಂದು ಗುರುತು ಹಾಕಿಕೊಳ್ಳುತ್ತಿದ್ದಳು. ಕೊನೆಕೊನೆಗೆ ಎಲ್ಲ ನಗುವೂ ನಕಲಿಯಾಗಿಯೇ ಕಂಡಿತು.

ಅವಳ ಪರೀಕ್ಷೆಗಳಲ್ಲಿ ಗುಂಡಿಯದೂ ಒಂದು. ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ಕೋಟಿನ ಒಂದು ಗುಂಡಿ ಕತ್ತರಿಸಿ, ಏನೂ ಹೇಳದೆ ಒಗೆಯಲು ಕೊಡುವುದು. ಎಷ್ಟೋ ಊರಲ್ಲಿ ಕೋಟು ಗುಂಡಿಯಿಲ್ಲದೆಯೇ ವಾಪಸು ಬಂದಿತ್ತು. ಇಲ್ಲಿ ಮಾತ್ರ ಮೊದಲ ಸಲವೇ ಹೊಸ ಗುಂಡಿ ಕೂತಿತ್ತು, ಜೇಬಿನಲ್ಲೊಂದು ಚೀಟಿಯಿತ್ತು: "ಕಾಲರಿನ ಗುಂಡಿಯೂ ಸಡಿಲವಿತ್ತು, ಬಿಗಿ ಮಾಡಿದ್ದೇನೆ. ಚಳಿ ಜಾಸ್ತಿ, ಜೋಪಾನ. – ಟೈಲರ್."

ಜೋಪಾನ ಎಂದು ಅವಳಿಗೆ ಯಾರಾದರೂ ಹೇಳಿ ಯಾವ ಕಾಲವಾಗಿತ್ತೋ! ಅವಳು ಪೂರ್ತಿ ಮಾರ್ಕು ಕೊಟ್ಟಳು. ಚೀಟಿಯನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು.

ಎರಡನೆಯ ಸಲ ಅವನೇ ರೂಮಿಗೆ ಬಂದು, ಅಂಗೈಯಲ್ಲಿ ನಾಲ್ಕು ಬಗೆಯ ಗುಂಡಿ ಹರಡಿ "ನೀವೇ ಆರಿಸಿ" ಅಂದಿದ್ದ. ಮೂರನೆಯ ಸಲ ಹತ್ತು ನಿಮಿಷ ಮಾತಾಡಿದ್ದರು. ನಾಲ್ಕನೆಯ ಸಲ ಒಂದು ಮಧ್ಯಾಹ್ನವಿಡೀ. ಇಡೀ ಭೂಮಿಯ ಮೇಲೆ ಅವಳು ಬರುವುದನ್ನು ಎದುರು ನೋಡುವ ಒಂದು ಜೀವ ಇದ್ದರೆ ಅದು ಈ ಹೋಟೆಲಿನ ಹೊಲಿಗೆ ಕೋಣೆಯಲ್ಲಿತ್ತು. ಕಂಪನಿಯ ನಿಯಮ ಕಟ್ಟುನಿಟ್ಟು: ಸಿಬ್ಬಂದಿಗೆ ಗುರುತು ಸಿಕ್ಕಿತೋ, ಆ ಹೋಟೆಲು ಅವಳ ಪಟ್ಟಿಯಿಂದ ಹೊರಗೆ, ಮತ್ತೆ ಅತ್ತ ಸುಳಿಯುವಂತಿಲ್ಲ. ಅದಕ್ಕಿಂತ ಕೆಟ್ಟ ಯೋಚನೆ ಇನ್ನೊಂದಿತ್ತು. ಅವನಿಗೆ ಮೊದಲೇ ಗೊತ್ತಿದ್ದರೆ, ಆ ಮಾತು, ಆ ನೋಟ, ಆ ಜೋಪಾನ ಎಲ್ಲವೂ ಮಾರ್ಕಿಗಾಗಿಯೇ?

ಅವಳು ಅಕ್ಕನಿಗೆ ಫೋನ್ ಮಾಡಿದಳು.

"ಬಂದ್ಯಾ ಅನುಮಾನದಮ್ಮ?" ಅಂದಳು ಅಕ್ಕ. "ಯಾವ ದೇಶ ಇವತ್ತು?"

"ಅದೇ ಕಣೇ. ಟೈಲರ್ ಇರೋದು."

"ಮತ್ತೆ? ಮದುವೆ ಊಟ ಯಾವಾಗ?"

"ಅವನಿಗೆ ನಾನು ಯಾರು ಅಂತ ಗೊತ್ತಾಗಿದೆ ಅಕ್ಕ. ಇಷ್ಟು ದಿನ ನಾಟಕ ಆಡಿದಾನೆ. ಬೆಳ್ಳಗಿರೋದೆಲ್ಲ ಹಾಲಲ್ಲ."

"ಸರಿ ತಾಯಿ, ನಿಂಗೆ ಹಾಲು ಕೊಟ್ರೂ ಸುಣ್ಣದ ನೀರು ಅಂತ ಚೆಲ್ಲಿಬಿಡ್ತೀಯ. ಹೋಗಿ ಕೇಳೇ ಬಾಯ್ಬಿಟ್ಟು! ಬಾಯಿ ಇರೋದು ಮೂರು ಹೊತ್ತು ತಿನ್ನೋಕಷ್ಟೇ ಅಲ್ಲ."

ಕೇಳುವುದು ಅವಳ ಜಾಯಮಾನವಲ್ಲ, ಹುಡುಕುವುದು ಅವಳ ಜಾಯಮಾನ. ಮೆಟ್ಟಿಲಿಳಿದು, ಇಸ್ತ್ರಿಯ ಹಬೆ ತುಂಬಿದ ಓಣಿ ದಾಟಿ ಹೊಲಿಗೆ ಕೋಣೆಗೆ ಹೋದಳು. ಅವನಿರಲಿಲ್ಲ. ಮಿಷನ್ನಿನ ಮೇಲೆ ಅವಳ ಕೋಟು. ಪಕ್ಕದಲ್ಲಿ ತೆರೆದಿಟ್ಟ ನೋಟ್‌ಬುಕ್ಕು. ಬಗ್ಗಿ ನೋಡಿದಳು. ಐದು ತಾರೀಖುಗಳು, ಐದೂ ಅವಳು ಬಂದಿಳಿದ ದಿನಗಳು. ಒಂದೊಂದರ ಮುಂದೆಯೂ ಬರೆದಿದ್ದ: ಎರಡನೆಯದು. ಕಾಲರು. ಜೇಬು. ನಾಲ್ಕನೆಯದು. ಎಡತೋಳು. ಪ್ರತಿ ಸಾಲಿನ ಕೊನೆಗೂ ದಾರದ ಒಂದು ತುಂಡನ್ನು ಅಂಟಿಸಿಟ್ಟಿದ್ದ.

ಸಾಕ್ಷಿ! ಇನ್ನೇನು ಬೇಕು? ಅವಳ ಕಣ್ಣು ಉರಿಯಿತು.

"ಅಯ್ಯೋ, ಅದನ್ನ ನೋಡ್ಬಿಟ್ರಾ?"

ಟೈಲರ್ ಬಾಗಿಲಲ್ಲಿದ್ದ. ಕಿವಿಯ ತುದಿಯವರೆಗೆ ಕೆಂಪಾಗಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ಇವನ ಮುಖ ಅಂದುಕೊಂಡಳು ಅವಳು.

"ನಿಮಗೆ ಎಲ್ಲಾ ಗೊತ್ತು, ಅಲ್ವಾ?"

"ಗೊತ್ತು," ಅಂದ, ನೆಲ ನೋಡುತ್ತ.

"ಯಾವಾಗಿಂದ?"

"ಎರಡ್ನೇ ಸಲದಿಂದ."

"ಯಾರಿಗೆಲ್ಲ ಹೇಳಿದ್ದೀರಿ? ಮ್ಯಾನೇಜರ್‌ಗಾ?"

"ಛೇ ಛೇ! ಮ್ಯಾನೇಜರ್‌ಗೆ ಯಾಕೆ ಹೇಳ್ಲಿ? ನಮ್ಮಮ್ಮನಿಗೆ ಮಾತ್ರ ಹೇಳಿದೀನಿ."

"ಅಮ್ಮನಿಗಾ?"

"ಅವ್ರು ಬೈದ್ರು ನನಗೆ. ಒಬ್ಬ ಹೆಣ್ಣುಮಗಳು ಇನ್ನೆಷ್ಟು ಸಲ ಅಂತ ಗುಂಡಿ ಕತ್ತರಿಸ್ಕೊಂಡು ಬರ್ಬೇಕೋ ದಡ್ಡಾ, ನೀನೇ ಬಾಯ್ಬಿಡೋಕೇನು ರೋಗ ಅಂದ್ರು."

ಅವಳು ಮತ್ತೆ ಆ ಐದು ಸಾಲುಗಳತ್ತ ನೋಡಿದಳು.

ಟೈಲರ್ ನೋಟ್‌ಬುಕ್ಕು ಎತ್ತಿಕೊಂಡು ದಾರದ ಒಂದು ತುಂಡನ್ನು ಬೆಳಕಿಗೆ ಹಿಡಿದ. "ನೋಡಿ, ಸವೆದು ಹರಿದ ದಾರದ ತುದಿ ಕೆದರಿರುತ್ತೆ, ನವಿರಾಗಿ. ಇದು ಹಾಗಿಲ್ಲ. ಒಂದೇ ಏಟಿಗೆ ಓರೆಯಾಗಿ ಕತ್ತರಿಸಿದ್ದು. ಚಿಕ್ಕ ಕತ್ತರಿ, ಎಡಗೈ. ಐದು ಸಲವೂ ಅದೇ ಕೈ. ನಮ್ಮಪ್ಪನೂ ಟೈಲರೇ, ದಾರ ಸುಳ್ಳು ಹೇಳಲ್ಲ ಅಂತಿದ್ರು. ಗುಂಡಿ ಬಿದ್ದಿದ್ದಲ್ಲ, ನೀವೇ ತೆಗ್ದಿದ್ದು. ನನ್ನನ್ನ ನೋಡೋಕೆ ಅಂತ..." ಎಂದು ತಡವರಿಸಿದ. "ಅಂದ್ಕೊಂಡಿದೀನಿ. ಹೌದಾ?"

ಅವನಿಗೆ ಏನೂ ಗೊತ್ತಿರಲಿಲ್ಲ! ಜೋಪಾನ ಅಂದದ್ದು ಜೋಪಾನವೇ ಆಗಿತ್ತು. ಅವಳಿಗೆ ನಗು ಬಂತು. ಹಿಂದೆಯೇ ನಾಚಿಕೆಯೂ ಬಂತು. ಈಗ ಹೌದು ಅಂದುಬಿಟ್ಟರೆ ಸಾಕಿತ್ತು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಬಂದು, ನಾಲ್ಕು ಗುಂಡಿ ಹೊಲಿಸಿಕೊಂಡು, ಸುಖವಾಗಿ ಸುಳ್ಳು ಹೇಳಿಕೊಂಡಿರಬಹುದಿತ್ತು. ಆದರೆ ಆ ಮುಖದ ಎದುರು ಅವಳ ಸುಳ್ಳು ಓಡಲಿಲ್ಲ.

ಎಲ್ಲ ಹೇಳಿದಳು. ಕೂದಲೆಳೆ, ಕಾಗದದ ಚೂರು, ವರದಿ, ಮಾರ್ಕು.

ಅವನ ಮುಖ ನಿಧಾನವಾಗಿ ಬಾಡಿತು. ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತತೊಡಗಿದ.

"ಅಂದ್ರೆ ನಾನೊಂದು ಪರೀಕ್ಷೆ. ಎಷ್ಟು ಕೊಟ್ರಿ?"

"ಹಾಗಲ್ಲ. ಮೊದಲ್ನೇದು ಪರೀಕ್ಷೆ, ನಿಜ."

"ಮಿಕ್ಕಿದ್ದು?"

ಆ ಪ್ರಶ್ನೆಯನ್ನು ಅವಳು ತನ್ನನ್ನೇ ಎಂದೂ ಕೇಳಿಕೊಂಡಿರಲಿಲ್ಲ. ಊರಿನವರ ಮಂಚದಡಿಯೆಲ್ಲ ಬಗ್ಗಿ ನೋಡಿದವಳು ತನ್ನೊಳಗೆ ಮಾತ್ರ ಇಣುಕಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಹದಿನಾಲ್ಕು ತಿಂಗಳು ಕಳೆದಿದ್ದಳು.

"ಒಂದು ಹೋಟೆಲಿಗೆ ವರ್ಷಕ್ಕೊಂದ್ಸಲ ಬಂದ್ರೆ ಸಾಕು," ಅಂದಳು. "ನಾನು ಐದು ಸಲ ಬಂದೆ. ಜೊತೆ ಕೆಲಸ ಮಾಡೋರ ಕೈಕಾಲು ಹಿಡಿದು ಊರು ಅದಲುಬದಲು ಮಾಡ್ಕೊಂಡು ಬಂದೆ. ಗುಂಡಿ ಪರೀಕ್ಷೆ ಮೊದಲ್ನೇ ಸಲವೇ ಮುಗಿದಿತ್ತು. ಆಮೇಲೆ ಕತ್ತರಿಸಿದ್ದೆಲ್ಲ ನೀವು ಬರ್ಲಿ ಅಂತ. ನಿಮ್ಮನ್ನ ನೋಡ್ಬೇಕು ಅಂತ."

"ನಂಬೋದು ಹೇಗೆ ಮೇಡಂ? ಹನ್ನೊಂದು ವರ್ಷ ಸುಳ್ಳು ಹೇಳಿ ರೂಢಿ ನಿಮಗೆ."

ಮಾತು ನ್ಯಾಯವಾಗಿತ್ತು. ಅನುಮಾನ ಪಡುವುದು ಗೊತ್ತಿದ್ದವಳಿಗೆ, ಅನುಮಾನಕ್ಕೆ ಗುರಿಯಾಗುವುದು ಇಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ. ಅವಳು ಫೋನ್ ತೆಗೆದು ಅವನೆದುರಿಗೇ ಕಂಪನಿಗೆ ಬರೆದಳು: "ಈ ಹೋಟೆಲನ್ನು ನನ್ನ ಪಟ್ಟಿಯಿಂದ ತೆಗೆಯಿರಿ. ನನ್ನ ಗುರುತನ್ನು ನಾನೇ ಹೇಳಿದ್ದೇನೆ. ಸಿಬ್ಬಂದಿಯ ತಪ್ಪಿಲ್ಲ." ಕಳಿಸಿ, ಫೋನನ್ನು ಅವನ ಕೈಗಿಟ್ಟಳು.

ಅವನು ಎರಡು ಸಲ ಓದಿದ. "ಹಾಗಾದ್ರೆ ನೀವಿನ್ನು ಬರೋ ಹಾಗಿಲ್ಲ."

"ಈ ಹೋಟೆಲಿಗೆ ಬರೋ ಹಾಗಿಲ್ಲ."

ಟೈಲರ್ ಬಹಳ ಹೊತ್ತು ಕೋಟಿನ ಮುಂಭಾಗವನ್ನೇ ಸವರುತ್ತ ನಿಂತ. "ಮೂರನೇ ಗುಂಡಿ ಮಾತ್ರ ನೀವು ಯಾವತ್ತೂ ಮುಟ್ಟಿಲ್ಲ," ಅಂದ.

"ಅದು ಹೋದ್ರೆ ಕೋಟು ಮೈಮೇಲೆ ನಿಲ್ಲಲ್ಲ. ಚಳಿಗೆ ಸತ್ತೇಹೋಗ್ತೀನಿ."

"ಬೆಳಿಗ್ಗೆ ಹೊತ್ತಿಗೆ ಕೋಟು ರೆಡಿ ಇರುತ್ತೆ ಮೇಡಂ," ಅಂದ ಅವನು. ಅವಳ ಕಡೆ ನೋಡಲಿಲ್ಲ. ಅವಳು ಇನ್ನೊಂದು ಮಾತಿಗೆ ಕಾದಳು. ಅವನು ಮಿಷನ್ನಿಗೆ ದಾರ ಪೋಣಿಸುತ್ತ ಕೂತ.

ಬೆಳಿಗ್ಗೆ ಕೋಟು ಕವರಿನೊಳಗೆ ಮಡಿಕೆ ಮುರಿಯದೆ ಕೌಂಟರಿನಲ್ಲಿ ಕಾದಿತ್ತು. ಟೈಲರ್ ರಜೆ ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಬಟ್ಟೆಯನ್ನು ತಿರುಗಿಸಿ ನೋಡದೆ ತೊಟ್ಟುಕೊಂಡಳು. ಟ್ಯಾಕ್ಸಿಯಲ್ಲಿ ಅಕ್ಕನ ಫೋನ್ ಬಂತು. ಎತ್ತಲಿಲ್ಲ. ಎತ್ತಿದ್ದರೆ ಅತ್ತೇಬಿಡುತ್ತಿದ್ದಳು.

ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತಾಗ ಬಾಗಿಲಿನಿಂದ ಚಳಿಗಾಳಿ ನುಗ್ಗಿತು. ಕೋಟು ಬಿಗಿಸಿಕೊಳ್ಳಲು ಹೋದರೆ ಬೆರಳಿಗೆ ಬರಿಯ ಬಟ್ಟೆ ಸಿಕ್ಕಿತು. ಮೂರನೆಯ ಗುಂಡಿ ಇರಲಿಲ್ಲ. ತೋಳಿನದಿತ್ತು, ಉಳಿದವೆಲ್ಲ ಇದ್ದವು. ಅವಳು ದಾರದ ತುದಿಯನ್ನು ಕಣ್ಣಿನ ಹತ್ತಿರ ತಂದಳು. ಕೆದರಿರಲಿಲ್ಲ. ಒಂದೇ ಏಟಿಗೆ ಕತ್ತರಿಸಿದ್ದು.

ಗಡಬಡಿಸಿ ಜೇಬಿಗೆ ಕೈಹಾಕಿದಳು. ಚೀಟಿಯಿತ್ತು. ಒಂದು ವಿಳಾಸ, ಅದರ ಕೆಳಗೆ ಎರಡು ಸಾಲು: "ಗುಂಡಿ ನಮ್ಮ ಮನೆಯಲ್ಲಿದೆ. ರಜೆ ಹಾಕಿ ಕಾಯುತ್ತಿದ್ದೇನೆ, ಅಮ್ಮನೂ ಕಾಯುತ್ತಿದ್ದಾರೆ."

ಅವಳ ಸರದಿ ಬಂದಿತ್ತು. ಕೌಂಟರಿನ ಹುಡುಗಿ ಪಾಸ್‌ಪೋರ್ಟಿಗೆ ಕೈಚಾಚಿ, ಒಂದು ಕೈಯಲ್ಲಿ ಕೋಟು ಹಿಡಿದು ನಿಂತವಳನ್ನು ಮೇಲಿಂದ ಕೆಳಗೆ ನೋಡಿದಳು.

"ಮೇಡಂ, ನಿಮ್ಮ ಕೋಟಿನ ಗುಂಡಿ ಎಲ್ಲೋ ಬಿದ್ದುಹೋಗಿದೆ."

"ಬಿದ್ದಿಲ್ಲಮ್ಮ, ಒಬ್ರು ಇಟ್ಕೊಂಡಿದಾರೆ," ಅಂದಳು. ಕಣ್ಣು ಒರೆಸಿಕೊಂಡು ಪಾಸ್‌ಪೋರ್ಟನ್ನು ಹಿಂದಕ್ಕೆ ತೆಗೆದುಕೊಂಡಳು. "ಈ ಟಿಕೆಟ್ಟು ಮುಂದಕ್ಕೆ ಹಾಕಿಕೊಡಿ. ನಾನು ಮನೆಗೆ ಹೋಗ್ಬೇಕು."